ಕೆಲಸ ಬಿಡದೆ ಕ್ರೀಡಾ ನಿರ್ವಹಣೆ ಓದುವವರಿಗೆ

2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ ಕೊಡವ ಕೌಟುಂಬಿಕ ಹಾಕಿಗೆ 360 ತಂಡಗಳು ಹೆಸರು ಕೊಟ್ಟಿದ್ದವು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಇದನ್ನು ಶುರು ಮಾಡಿದಾಗ ಇದ್ದದ್ದು 60 ಕುಟುಂಬ. ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ಪ್ರತಿ ಪಂದ್ಯವೂ ಒಂದು ತಂಡವನ್ನು ಮನೆಗೆ ಕಳುಹಿಸುತ್ತದೆ, ಆದ್ದರಿಂದ 360 ತಂಡಗಳಿಗೆ 359 ಪಂದ್ಯ. ಮೊದಲ ಸುತ್ತಿನಲ್ಲಿ 152 ತಂಡಗಳಿಗೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ, ಕೊಟ್ಟು ಉಳಿದ 208 ತಂಡಗಳನ್ನು ಆಡಿಸಿದರೆ ಎರಡನೆಯ ಸುತ್ತಿಗೆ ಸರಿಯಾಗಿ 256 ತಂಡ ಉಳಿಯುತ್ತವೆ, ಅಲ್ಲಿಂದ ಮುಂದೆ ಬೈ ಇಲ್ಲದೆ ಪ್ರತಿ ಸುತ್ತಿಗೂ ಅರ್ಧರ್ಧವಾಗುತ್ತವೆ. ಈ ಲೆಕ್ಕವನ್ನು ಬ್ಯಾಂಕಿನ ಊಟದ ಬಿಡುವಿನಲ್ಲಿ ಒಂದು ಹಳೆಯ ಚಲನ್ ಹಿಂದೆ ಹಾಕಿದ ದಿನವೇ ಕ್ರೀಡಾ ನಿರ್ವಹಣೆಯನ್ನು ಕ್ರಮವಾಗಿ ಓದಬೇಕೆಂದು ನನಗೆ ಅನ್ನಿಸಿದ್ದು.

ನನ್ನದು ಮೈಸೂರಿನ ಸಹಕಾರಿ ಬ್ಯಾಂಕೊಂದರಲ್ಲಿ ಲೆಕ್ಕಪತ್ರದ ಕೆಲಸ. ಊರು ವಿರಾಜಪೇಟೆಯ ಹತ್ತಿರ. ಊರಿನ ಯುವಕ ಸಂಘದ ಸಣ್ಣ ಹಾಕಿ ಪಂದ್ಯಾವಳಿಗೆ ಹನ್ನೊಂದು ವರ್ಷ ಖಜಾಂಚಿಯಾಗಿದ್ದೆ. ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಒಂದೇ: ಈ ವರ್ಷ ಕಷ್ಟಪಟ್ಟು ಕಲಿತದ್ದನ್ನು ಮುಂದಿನ ವರ್ಷದವರಿಗೆ ಹೇಗೆ ದಾಟಿಸುವುದು? ಪೆಂಡಾಲಿನವರ ಜೊತೆ ಆಡಿದ ಮಾತು, ಆಂಬ್ಯುಲೆನ್ಸ್ ನಿಲ್ಲಬೇಕಾದ ಜಾಗ, ಮಳೆ ಬಂದರೆ ಯಾವ ಪಂದ್ಯವನ್ನು ಎಲ್ಲಿಗೆ ತಳ್ಳುವುದು ಎಂಬ ವಿವರ, ಎಲ್ಲವೂ ಯಾರದೋ ತಲೆಯಲ್ಲಿ ಇರುತ್ತದೆ. ಅವರು ಬೆಂಗಳೂರಿಗೋ ದುಬೈಗೋ ಹೋದರೆ ಅದೂ ಅವರ ಜೊತೆ ಹೋಗಿಬಿಡುತ್ತದೆ.

ನೀವು ಸೇರುವ ಮೊದಲು ಇಂಥದೊಂದು ಪ್ರಶ್ನೆಯನ್ನು ಹುಡುಕಿಕೊಳ್ಳಿ. ಕಾಲೇಜಿನ ಹೆಸರು ಆಮೇಲೆ ನೋಡೋಣ. ಹಗಲು ದುಡಿದು ರಾತ್ರಿ ಓದುವವರನ್ನು ಎರಡು ವರ್ಷ ಎಬ್ಬಿಸಿ ಕೂರಿಸುವುದು ಪ್ರಮಾಣಪತ್ರದ ಆಸೆಯಲ್ಲ. ಕ್ರೀಡೆಯೆಂದರೆ ಇಷ್ಟ ಎಂಬುದಷ್ಟೇ ಇದ್ದರೆ ಎರಡನೆಯ ಸೆಮಿಸ್ಟರ್‌ನ ಹಣಕಾಸು ಪತ್ರಿಕೆಯ ಹೊತ್ತಿಗೆ ಅದು ಸೋರಿ ಹೋಗಿರುತ್ತದೆ.

ಇನ್ನು ಎಲ್ಲಿ ಓದುವುದು. ಐಐಎಂ ರೋಹ್ಟಕ್ ಕೆಲಸದಲ್ಲಿರುವವರಿಗಾಗಿಯೇ ಕ್ರೀಡಾ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಈ ವಿಷಯದ ಸ್ನಾತಕೋತ್ತರ ಪದವಿಗೆ 1966ರಲ್ಲಿ ಬುನಾದಿ ಹಾಕಿದ ಅಮೆರಿಕದ ಓಹಾಯೊ ವಿಶ್ವವಿದ್ಯಾಲಯದಲ್ಲಿ ಕೆಲಸದಲ್ಲಿರುವವರು ಆನ್‌ಲೈನ್‌ನಲ್ಲಿ ಓದುವ ಪದವಿಯೂ ಇದೆ. ಒಲಿಂಪಿಕ್ ಸಂಸ್ಥೆಯಲ್ಲೋ ಕ್ರೀಡಾ ಒಕ್ಕೂಟದಲ್ಲೋ ಈಗಾಗಲೇ ದುಡಿಯುತ್ತಿರುವವರು ಮೆಮೋಸ್ ಎಂಬ ಕಾರ್ಯನಿರ್ವಾಹಕ ಸ್ನಾತಕೋತ್ತರ ಕಾರ್ಯಕ್ರಮದ ಬಗ್ಗೆ ವಿಚಾರಿಸಲೇಬೇಕು: ವರ್ಷದಲ್ಲಿ ಕೆಲವು ವಾರ ಮಾತ್ರ ಎದುರುಬದುರು ತರಗತಿ, ಉಳಿದ ಸಮಯ ತಮ್ಮ ಸಂಸ್ಥೆಯ ಸಮಸ್ಯೆಯನ್ನೇ ಹಿಡಿದು ಮಾಡುವ ಯೋಜನೆ. ರಾಷ್ಟ್ರೀಯ ಒಲಿಂಪಿಕ್ ಸಮಿತಿ ಹೆಸರು ಸೂಚಿಸಿದರೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ನೆರವಿನ ವಿಭಾಗವಾದ ಒಲಿಂಪಿಕ್ ಸಾಲಿಡಾರಿಟಿಯ ವಿದ್ಯಾರ್ಥಿವೇತನಕ್ಕೂ ದಾರಿಯುಂಟು. ಹೆಸರುವಾಸಿಯಾದ ಫಿಫಾ ಮಾಸ್ಟರ್ ಲೆಸ್ಟರ್, ಮಿಲಾನ್, ನ್ಯೂಶಾಟೆಲ್ ಎಂದು ಮೂರು ಊರುಗಳಲ್ಲಿ ನಡೆಯುವ ಪೂರ್ಣಾವಧಿಯ ಓದು. ಕೆಲಸ ಬಿಡಲಾಗದವರಿಗೆ ಅದು ಹೊಂದುವುದಿಲ್ಲ.

ಡಿಪ್ಲೊಮಾ ಬೇರೆ, ಪದವಿ ಬೇರೆ. ಬಡ್ತಿಗೆ ಅಥವಾ ಕ್ಷೇತ್ರ ಬದಲಿಸಲು ಡಿಪ್ಲೊಮಾ ಸಾಕಾಗಬಹುದು, ಮುಂದೆ ಪಿಎಚ್.ಡಿ. ಮಾಡುವ, ಕಾಲೇಜಿನಲ್ಲಿ ಪಾಠ ಹೇಳುವ ಆಲೋಚನೆ ಇದ್ದರೆ ಪದವಿಯನ್ನೇ ಆರಿಸಿಕೊಳ್ಳಿ. ಭಾರತದ ಆನ್‌ಲೈನ್ ಪದವಿಯಾದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯದ ಹೆಸರಿದೆಯೇ ಎಂದಷ್ಟೇ ನೋಡಿ ನಿಲ್ಲಬೇಡಿ. ನೀವು ಸೇರುವ ಸಾಲಿಗೆ, ನೀವು ಓದುವ ವಿಷಯಕ್ಕೆ ಅನುಮತಿ ಇದೆಯೇ ನೋಡಿ. ನಾನು ಇದನ್ನು ನೋಡದೆ ಖಾಸಗಿ ಸಂಸ್ಥೆಯೊಂದಕ್ಕೆ ಮುಂಗಡ ಕಟ್ಟಿದೆ. ಕೊನೆಗೆ ಸಿಗುವುದು ಯಾವ ವಿಶ್ವವಿದ್ಯಾಲಯದ್ದೂ ಅಲ್ಲದ ಕಾಗದ ಎಂದು ತಿಳಿದಾಗ ಹಣ ವಾಪಸಾಗಲಿಲ್ಲ, ಒಂದು ವರ್ಷವೂ ಹೋಯಿತು. ಆ ಸಂಕಟ ನಿಮಗೆ ಬೇಡ.

ಪಠ್ಯಕ್ರಮ ತರಿಸಿಕೊಂಡಾಗ ನಾನು ಮೊದಲು ಹುಡುಕುವುದು ಜನಸಂದಣಿಯ ಸುರಕ್ಷತೆಯ ಪಾಠವನ್ನು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಗೆಲುವಿನ ಸಂಭ್ರಮ ನೋಡಲು ಹೋದವರು ಅವರು. ಒಂದು ಗೇಟಿನಲ್ಲಿ ನಿಮಿಷಕ್ಕೆ ಎಷ್ಟು ಜನ ದಾಟಬಲ್ಲರು, ಪ್ರವೇಶದ ಸುದ್ದಿಯನ್ನು ಯಾವಾಗ, ಯಾರು ಹೇಳಬೇಕು, ಪೊಲೀಸರಿಗೂ ಆಯೋಜಕರಿಗೂ ನಡುವೆ ಒಬ್ಬನೇ ಹೊಣೆಗಾರ ಯಾರು ಎಂಬುದು ಜೀವದ ಪ್ರಶ್ನೆ. ಬ್ರ್ಯಾಂಡಿಂಗ್‌ಗೆ ಮೂರು ಪತ್ರಿಕೆ ಇಟ್ಟು ಇದಕ್ಕೆ ಅರ್ಧ ಅಧ್ಯಾಯ ಕೊಟ್ಟ ಪಠ್ಯಕ್ರಮವನ್ನು ನಾನು ಪಕ್ಕಕ್ಕಿಡುತ್ತೇನೆ. ಕಾನೂನಿನ ಪತ್ರಿಕೆಯಲ್ಲಿ 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದಿದೆಯೇ ಎಂದೂ ಕೇಳಿ. ಅದರಲ್ಲಿ ಬರುವ ಕ್ರೀಡಾ ಮಂಡಳಿ, ಕ್ರೀಡಾ ನ್ಯಾಯಮಂಡಳಿಗಳನ್ನು ಬಿಟ್ಟು ಇನ್ನೂ 2011ರ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ಸಂಹಿತೆಯಲ್ಲೇ ನಿಂತ ಪಾಠ ಹಳೆಯದು.

ಸಮಯದ ವಿಷಯ. ಶೈಕ್ಷಣಿಕ ವೇಳಾಪಟ್ಟಿಯನ್ನು ಸೇರುವ ಮೊದಲೇ ಕೇಳಿ ಪಡೆದು ನಿಮ್ಮ ಕಚೇರಿಯ ಕ್ಯಾಲೆಂಡರಿನ ಪಕ್ಕದಲ್ಲಿಡಿ. ನಮ್ಮಲ್ಲಿ ಮಾರ್ಚ್ ಕೊನೆಯ ವಾರ ರಾತ್ರಿ ಹತ್ತಾದರೂ ದೀಪ ಆರುವುದಿಲ್ಲ. ಅದೇ ವಾರ ನನ್ನ ಎರಡು ಅಸೈನ್‌ಮೆಂಟ್‌ಗಳ ಗಡುವು ಬಂತು. ಆಮೇಲಿಂದ ಬೆಳಿಗ್ಗೆ ಐದರಿಂದ ಆರೂವರೆಯವರೆಗೆ ಓದು, ಭಾನುವಾರ ತರಗತಿ, ಬುಧವಾರ ಸಂಪೂರ್ಣ ಬಿಡುವು ಎಂದು ಗೊತ್ತುಮಾಡಿಕೊಂಡೆ. ಆ ಬುಧವಾರವನ್ನು ಮನೆಯವರಿಗೆ ಕೊಟ್ಟ ಮಾತೆಂದು ತಿಳಿದು ಉಳಿಸಿಕೊಂಡೆ. ಕಚೇರಿಯ ನಿರಾಕ್ಷೇಪಣಾ ಪತ್ರವನ್ನು ಪ್ರವೇಶಕ್ಕೆ ಮೊದಲೇ ಲಿಖಿತವಾಗಿ ಪಡೆಯಿರಿ. ಸರ್ಕಾರಿ ನೌಕರರು ಇದನ್ನು ಬಿಡಲೇಬಾರದು. ಶುಲ್ಕ ಕೇಳುವಾಗ ಪರೀಕ್ಷಾ ಶುಲ್ಕ, ಕ್ಯಾಂಪಸ್ ವಾಸ, ಪ್ರಯಾಣ ಎಲ್ಲ ಸೇರಿಸಿ ಕೇಳಿ.

ಅನುಭವಕ್ಕೆ ದೊಡ್ಡ ಹೆಸರಿನ ತಂಡದ ಕಚೇರಿಯನ್ನೇ ಕಾಯಬೇಕಿಲ್ಲ. ಕಂಠೀರವದ ಅಥ್ಲೆಟಿಕ್ಸ್ ಕೂಟ, ರಸ್ತೆ ಓಟ, ಜಿಲ್ಲಾ ಕಬಡ್ಡಿ, ಎಲ್ಲಿಗಾದರೂ ಸ್ವಯಂಸೇವಕರಾಗಿ ಹೋಗಿ. ಒಂದು ಓಟದಲ್ಲಿ ನೀರಿನ ಕೌಂಟರ್ ನೋಡಿಕೊಂಡ ದಿನ, ಮೇಜುಗಳನ್ನು ಒಂದೇ ಕಡೆ ಗುಂಪಾಗಿಟ್ಟರೆ ಓಟಗಾರರು ಮೊದಲ ಮೇಜಿಗೇ ಮುಗಿಬೀಳುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಮೇಜುಗಳನ್ನು ಉದ್ದಕ್ಕೆ ಹರಡಿದ ಮೇಲೆ ಹರಿವು ತಾನಾಗಿ ಸರಿಹೋಯಿತು.

ಕೊನೆಯ ಯೋಜನಾ ವರದಿಗೆ ನಿಮ್ಮ ಹಳೆಯ ಪ್ರಶ್ನೆಯನ್ನೇ ಎತ್ತಿಕೊಳ್ಳಿ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಒಂದು ನಗರ ಕಲಿತದ್ದನ್ನು ಮುಂದಿನ ನಗರಕ್ಕೆ ಬರಹದಲ್ಲಿ ಹಸ್ತಾಂತರಿಸುವ ಪದ್ಧತಿ ಬಂತೆಂದು ಓದಿದಾಗ, ನಮ್ಮ ಸಂಘದ ಸಮಸ್ಯೆಗೆ ಜಗತ್ತಿನಲ್ಲಿ ಜೊತೆಗಾರರಿದ್ದಾರೆ ಎಂದು ನನಗೆ ಧೈರ್ಯ ಬಂತು. ನನ್ನ ವರದಿ ಆ ಪದ್ಧತಿಯನ್ನು ಹಳ್ಳಿಯ ಮೈದಾನಕ್ಕೆ ಇಳಿಸುವ ಪ್ರಯತ್ನ. ಅದರ ಅನುಬಂಧವಾಗಿ ನಲವತ್ತು ಪುಟದ ಒಂದು ಕನ್ನಡ ಕಡತ ಮಾಡಿದೆ: ದರಪಟ್ಟಿ, ಮೈದಾನದ ನಕ್ಷೆ, ಮಳೆ ದಿನದ ವೇಳಾಪಟ್ಟಿ, ಆಂಬ್ಯುಲೆನ್ಸ್ ನಿಲ್ಲುವ ಜಾಗಕ್ಕೆ ಕೆಂಪು ಗುರುತು. ಕಳೆದ ಏಪ್ರಿಲ್‌ನಲ್ಲಿ ಖಜಾಂಚಿಯ ಕೆಲಸವನ್ನು ಇಪ್ಪತ್ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಒಪ್ಪಿಸುವಾಗ ಕಡತವನ್ನೂ ಕೊಟ್ಟೆ. ಹದಿನೈದು ದಿನದಲ್ಲಿ ಅವಳು ಅದಕ್ಕೆ ಇನ್ನೂ ಆರು ಪುಟ ಸೇರಿಸಿದ್ದಳು.