ಡಬಲ್ ಫ್ಲೋರ್ ಇಲ್ಲದ ಗಾಡಿಯಲ್ಲಿ ಸ್ಕೀಯಿಂಗ್ ರಜೆ: ನನ್ನ ಅನುಭವ

ನಮ್ಮದು 3.5 ಟನ್‌ನ ಸಾಮಾನ್ಯ ಸೆಮಿ-ಇಂಟಿಗ್ರೇಟೆಡ್ ಮೋಟರ್‌ಹೋಮ್, ಅಂದರೆ ಮಲಗಿ, ಅಡುಗೆ ಮಾಡಿಕೊಂಡು ಇರಬಹುದಾದ ಗಾಡಿ. ಹತ್ತು ವರ್ಷಕ್ಕಿಂತ ಹಳೆಯದು. ಡಬಲ್ ಫ್ಲೋರ್ (ಟ್ಯಾಂಕ್, ಪೈಪ್ ಬೆಚ್ಚಗಿಡಲು ನೆಲದಡಿ ಇರುವ ಇನ್ನೊಂದು ನೆಲ) ಇಲ್ಲ, ಬಚ್ಚಲು ನೀರಿನ ಟ್ಯಾಂಕ್ ಗಾಡಿಯ ಹೊಟ್ಟೆ ಕೆಳಗೆ ಬಯಲಲ್ಲೇ ನೇತಾಡುತ್ತಿದೆ. ಇದನ್ನು ತಗೊಂಡು ಫೆಬ್ರವರಿಯಲ್ಲಿ ಆಸ್ಟ್ರಿಯಾದ ಟಿರೋಲ್‌ಗೆ ಸ್ಕೀಯಿಂಗ್‌ಗೆ ಹೋಗ್ತೀವಿ ಅಂದಾಗ ಮ್ಯೂನಿಕ್‌ನ ನಮ್ಮ ಕನ್ನಡ ಗೆಳೆಯರು ನಕ್ಕರು. ಪಕ್ಕದ ಮನೆಯ ಜರ್ಮನ್ ಅಜ್ಜ ನಗಲೂ ಇಲ್ಲ, ತಲೆ ಅಲ್ಲಾಡಿಸಿ ಒಳಗೆ ಹೋದರು. ಒಬ್ಬ ಡೀಲರ್ ಅಂತೂ ಚಳಿಗಾಲಕ್ಕೆ ಹೊಸ ಗಾಡಿಯೇ ಆಗಬೇಕು ಅಂತ 90,000 ಯೂರೋ ಮೇಲಿನ ಕೊಟೇಶನ್ ಕೈಗಿಟ್ಟರು.

ಈಗ ಕೆಲವು ಚಳಿಗಾಲ ಆಯಿತು. ಫಾಶಿಂಗ್ (ಇಲ್ಲಿನ ಕಾರ್ನಿವಲ್ ಹಬ್ಬ) ರಜೆಯ ವಾರ ನಾವು ಟಿರೋಲ್‌ನ ಝಿಲ್ಲರ್‌ಟಾಲ್ ಕಣಿವೆಯಲ್ಲೇ ಇರುತ್ತೇವೆ. ಹೊರಗೆ ಮೈನಸ್ 12, ಒಳಗೆ ಮಕ್ಕಳು ಟೀ ಶರ್ಟ್‌ನಲ್ಲಿ. ನಕ್ಕವರಲ್ಲಿ ಇಬ್ಬರು ಈ ವರ್ಷ ಫೋನ್ ಮಾಡಿ ಹೇಗೆ ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಾಡಿ ಇರುವವರಿಗೆ ಕಾಂಬಿ ಹೀಟರ್ (ಗ್ಯಾಸ್‌ನಲ್ಲಿ ಗಾಳಿ, ನೀರು ಎರಡನ್ನೂ ಕಾಯಿಸುವುದು) ಅಂದರೇನು, ವಿಂಟರ್ ಟೈರ್ ಯಾಕೆ ಅಂತ ವಿವರಿಸುವ ಅಗತ್ಯ ಇಲ್ಲ.

ಮೊದಲು ಒಂದು ಮಾತು. ಎಲ್ಲರೂ ಚಳಿ ಚಳಿ ಅಂತಾರೆ. ಚಳಿ ದೊಡ್ಡ ವಿಷಯವೇ ಅಲ್ಲ. 6 ಕಿಲೋವ್ಯಾಟ್ ಹೀಟರ್ ಇಷ್ಟು ಸಣ್ಣ ಡಬ್ಬಿಯನ್ನು ಬೇಕಾದಷ್ಟು ಕಾಯಿಸುತ್ತದೆ. ನಿಜವಾದ ಶತ್ರು ತೇವ. ಅದರ ಹಿಂದೆ ತಣ್ಣನೆಯ ನೆಲ. ಈ ಎರಡನ್ನು ಹಿಡಿದರೆ ಸಾಕು, ಮಿಕ್ಕಿದ್ದೆಲ್ಲ ದುಡ್ಡಿನ ಲೆಕ್ಕ.

ಮೊದಲ ವರ್ಷ ಎಲ್ಲರ ಸಲಹೆಯಂತೆ ಗ್ಯಾಸ್ ಉಳಿಸೋಣ ಅಂತ ರಾತ್ರಿ ಹೀಟರನ್ನು ಪೂರ್ತಿ ಇಳಿಸಿ, ದಪ್ಪ ರಜಾಯಿ ಹೊದ್ದು ಮಲಗಿದೆವು. ಬೆಳಗಿನ ಜಾವ ಗಾಡಿ ಕೆಳಗೆ ಸೊರ್ ಅಂತ ಸದ್ದು. ಫ್ರಾಸ್ಟ್‌ಕಂಟ್ರೋಲ್ ವಾಲ್ವ್ ತೆರೆದುಕೊಂಡು ಬಾಯ್ಲರ್‌ನ 10 ಲೀಟರ್ ಬಿಸಿನೀರನ್ನು ಹಿಮದ ಮೇಲೆ ಸುರಿದಿತ್ತು. ಅದರ ಕೆಲಸವೇ ಅದು. ಸುತ್ತಲಿನ ಉಷ್ಣತೆ ಸುಮಾರು 3 ಡಿಗ್ರಿಗೆ ಇಳಿದರೆ ತಾನಾಗಿ ತೆರೆಯುತ್ತದೆ, 7 ಡಿಗ್ರಿ ದಾಟುವ ತನಕ ಮುಚ್ಚಲು ಬಿಡುವುದಿಲ್ಲ. ಅದೂ ಸಾಲದು ಅಂತ ಗೋಡೆಗೆ ತಾಗಿದ್ದ ಹಾಸಿಗೆಯ ಅಂಚು ಒದ್ದೆ, ಕಪಾಟಿನ ಮೂಲೆಯಲ್ಲಿ ಮಂಜು, ಸ್ಕೀ ಬೂಟ್‌ಗಳು ಕಲ್ಲಿನಂತೆ ಗಟ್ಟಿ. ಮೂರನೇ ರಾತ್ರಿಗೆ ಹೆಂಡತಿ ಹೋಟೆಲ್ ಹುಡುಕತೊಡಗಿದಳು.

ಈಗಿನ ಪದ್ಧತಿ ಪೂರ್ತಿ ಉಲ್ಟಾ. ಹೊರಡುವ ಹಿಂದಿನ ದಿನ ಬೆಳಗ್ಗೆಯೇ ಮನೆ ಮುಂದೆ ಹೀಟರ್ ಹಚ್ಚುತ್ತೇನೆ. ಗಾಳಿ ಬಿಸಿಯಾಗಲು ಅರ್ಧ ಗಂಟೆ ಸಾಕು. ಆದರೆ ನೆಲ, ಪೀಠೋಪಕರಣ, ಟ್ಯಾಂಕ್‌ನ ನೀರು ಇವೆಲ್ಲ ಬಿಸಿ ಹೀರಲು ಒಂದು ಇಡೀ ದಿನ ಬೇಕು. ಕ್ರ್ಯಾಶ್ ಸೆನ್ಸರ್ ಇರುವ (ಡಿಕ್ಕಿಯಾದರೆ ಗ್ಯಾಸ್ ತಾನೇ ನಿಲ್ಲಿಸುವ) ರೆಗ್ಯುಲೇಟರ್ ಹಾಕಿಸಿರುವುದರಿಂದ ಓಡಿಸುವಾಗಲೂ ಹೀಟರ್ ಚಾಲೂ. ಅಲ್ಲಿ ಹೋದ ಮೇಲೆ ಒಳಗೆ ಹಗಲು 20–21 ಡಿಗ್ರಿ, ರಾತ್ರಿ 17. ಅದಕ್ಕಿಂತ ಕೆಳಗೆ ಯಾವತ್ತೂ ಇಲ್ಲ. ಆಶ್ಚರ್ಯ ಅಂದರೆ ದಿನಕ್ಕೆ ಖರ್ಚಾಗುವ ಗ್ಯಾಸ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ರಾತ್ರಿ ಉಳಿಸಿದ್ದರಲ್ಲಿ ಒಂದಷ್ಟು ಬೆಳಗ್ಗೆ ತಣ್ಣಗಾದ ಗಾಡಿಯನ್ನು ಮತ್ತೆ ಕಾಯಿಸಲು ಸುಡುತ್ತಿತ್ತು.

ಇನ್ನು ತೇವ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. ಹೀಟರ್‌ನದ್ದು ಚಿಮಣಿಯಿಂದ ಹೊರಗೆ ಹೋಗುತ್ತದೆ. ಒಲೆಯದ್ದು ಪೂರ್ತಿ ಒಳಗೇ. ಅದರ ಮೇಲೆ ನಮ್ಮ ಅಡುಗೆ ಬೇರೆ. ಕುಕ್ಕರ್ ಮೂರು ವಿಶಿಲ್ ಹೊಡೆದರೆ ಕಿಟಕಿಯಲ್ಲಿ ಧಾರೆ. ನಾಲ್ಕು ಜನರ ಉಸಿರು, ಒದ್ದೆ ಗ್ಲೌಸ್, ಸಾಕ್ಸ್ ಸೇರಿಸಿ. 10 ಯೂರೋ ಕೊಟ್ಟು ತೇವ ಅಳೆಯುವ ಮೀಟರ್ ತಂದಾಗಲೇ ನನಗೆ ಕಣ್ಣು ತೆರೆದದ್ದು. ಸಾಯಂಕಾಲ 80 ಶೇಕಡಾ ದಾಟಿರುತ್ತಿತ್ತು.

ಪರಿಹಾರ ಜರ್ಮನ್ನರು ಮನೆಯಲ್ಲಿ ಮಾಡುವುದೇ. ದಿನಕ್ಕೆ ಮೂರು ನಾಲ್ಕು ಸಲ ಬಾಗಿಲು, ಮೇಲಿನ ಕಿಟಕಿ ಎರಡನ್ನೂ ಪೂರ್ತಿ ತೆರೆದು ಐದು ನಿಮಿಷ ಬಿಡುವುದು. ಬಿಸಿ ಹೋಗುತ್ತಲ್ಲ ಅಂತ ಎಲ್ಲರೂ ಹೆದರುತ್ತಾರೆ. ಹೋಗುವುದು ಗಾಳಿಯಲ್ಲಿದ್ದ ಬಿಸಿ ಮಾತ್ರ. ಗೋಡೆ, ನೆಲ ಬಿಸಿಯಾಗಿಯೇ ಇರುತ್ತವೆ, ಹತ್ತು ನಿಮಿಷದಲ್ಲಿ ಮತ್ತೆ 20 ಆಗುತ್ತದೆ. ಮೈನಸ್ 10ರ ಗಾಳಿಯ ಒಂದು ಘನ ಮೀಟರ್‌ನಲ್ಲಿ ಎರಡು ಗ್ರಾಂ ಚಿಲ್ಲರೆ ನೀರು ಹಿಡಿಯುತ್ತದೆ. ಅದೇ ಗಾಳಿ 20 ಡಿಗ್ರಿಗೆ ಬಂದರೆ 17 ಗ್ರಾಂ ತನಕ ಹೀರಬಲ್ಲದು. ಅಂದರೆ ಹೊರಗಿನ ಚಳಿಗಾಳಿಯೇ ಪುಕ್ಕಟೆ ಒಣಗಿಸುವ ಯಂತ್ರ. ಈಗ ನಮ್ಮ ಮೀಟರ್ 50–55 ಬಿಟ್ಟು ಏಳುವುದಿಲ್ಲ. ಜೊತೆಗೆ ಬೆನ್ನು ದಿಂಬುಗಳನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ ಇಡಿ, ಹಿಂದೆ ಗಾಳಿ ಆಡಬೇಕು. ಹಾಸಿಗೆ ಕೆಳಗೆ ಜಾಲರಿ ಮ್ಯಾಟ್ ಇಲ್ಲದೆ ಹೊರಡಲೇಬೇಡಿ.

ಮುಂದಿನ ಗಾಜಿಗೆ ಒಳಗಿನಿಂದ ಹಾಕುವ ಬೆಳ್ಳಿ ಮ್ಯಾಟ್ ಚಳಿಗಾಲದಲ್ಲಿ ದಂಡ. ಗಾಜಿಗೂ ಮ್ಯಾಟ್‌ಗೂ ನಡುವೆ ಐಸ್ ಕಟ್ಟುತ್ತದೆ, ಹಗಲು ಕರಗಿ ಡ್ಯಾಶ್‌ಬೋರ್ಡ್‌ಗೆ ಇಳಿಯುತ್ತದೆ. ಹೊರಗಿನಿಂದ ಹೊದಿಸುವ ಮ್ಯಾಟ್ ಬೇಕು. ಹೊಸದಕ್ಕೆ ಇನ್ನೂರರ ಮೇಲೆ. ನನಗೆ ಕ್ಲೈನ್‌ಆನ್‌ಟ್ಸೈಗನ್‌ನಲ್ಲಿ (ಹಳೆ ಸಾಮಾನು ಮಾರುವ ಜರ್ಮನ್ ವೆಬ್‌ಸೈಟ್) 60ಕ್ಕೆ ಸಿಕ್ಕಿತು. ಆದರೂ ಮುಂದಿನ ಕ್ಯಾಬಿನ್ ಬಿಸಿ ತಿನ್ನುತ್ತಲೇ ಇತ್ತು. ದಪ್ಪ ಕರ್ಟನ್, ಫೋಮ್ ಶೀಟ್ ಎಲ್ಲ ನೋಡಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಚಳ್ಳಕೆರೆ ಕಡೆಯ ಕುರಿ ಕಂಬಳಿ. ಅಮ್ಮ ಕಳಿಸಿದ್ದ ಕರಿ ಕಂಬಳಿ ಎರಡನ್ನು ಸೀಟುಗಳ ಹಿಂದೆ ಅಡ್ಡಕ್ಕೆ ತೂಗುಹಾಕಿದೆ. ಕಂಬಳಿಯ ಈಚೆಗೂ ಆಚೆಗೂ 10 ಡಿಗ್ರಿ ವ್ಯತ್ಯಾಸ! ಉಣ್ಣೆ ತೇವ ಹೀರಿಕೊಂಡರೂ ತಣ್ಣಗೆ ಅನ್ನಿಸುವುದಿಲ್ಲ. ಪಕ್ಕದ ಗಾಡಿಯ ಡಚ್ ದಂಪತಿ ಅದನ್ನು ಎಲ್ಲಿ ಕೊಂಡಿರಿ ಅಂತ ಕೇಳಿದರು. ಹೇಳಿದೆ, ಆದರೆ ಅವರು ಅಲ್ಲಿಗೆ ಹೋಗುವುದು ಅನುಮಾನ.

ಬಚ್ಚಲು ನೀರಿನ ಟ್ಯಾಂಕಿಗೆ ಹೀಟರ್ ಪ್ಯಾಡ್ ಅಂಟಿಸಿ ಬ್ಯಾಟರಿ ಖಾಲಿ ಮಾಡಿಕೊಂಡವರನ್ನು ನೋಡಿದ್ದೇನೆ. ಟ್ಯಾಂಕನ್ನು ಬಿಸಿ ಇಡುವ ಆಸೆಯನ್ನೇ ಬಿಡಿ. ಟ್ಯಾಂಕ್ ಖಾಲಿ ಮಾಡುವ ನಲ್ಲಿ ಸದಾ ತೆರೆದಿರಲಿ, ಕೆಳಗೆ ಪಾತ್ರೆ ಇಡಿ. ಪ್ಲಾಸ್ಟಿಕ್ ಬಕೆಟ್ ಎರಡು ಒಡೆದವು. ಈಗ ಗಾರೆ ಕೆಲಸದವರು ಸಿಮೆಂಟ್ ಕಲಸುವ ರಬ್ಬರ್ ಬಾಂಡ್ಲಿ ಇಡುತ್ತೇನೆ. ಹೆಪ್ಪುಗಟ್ಟಿದರೆ ಹಿಂಡಿದ ಕೂಡಲೇ ಐಸ್ ಗಡ್ಡೆ ಎದ್ದು ಬರುತ್ತದೆ, ಹಾಗೇ ಹೊತ್ತುಕೊಂಡು ಹೋಗಿ ಸುರಿಯುವ ಜಾಗಕ್ಕೆ ಹಾಕಬಹುದು. ಒಂದು ಹಿಡಿ ಕಲ್ಲುಪ್ಪು ಹಾಕಿ ನೋಡಿದೆ. ಮೈನಸ್ 3, 4ಕ್ಕೆ ಪರವಾಗಿಲ್ಲ, ಅದಕ್ಕಿಂತ ಇಳಿದರೆ ಉಪ್ಪು ದಂಡ. ಸಿಂಕ್‌ನಿಂದ ಟ್ಯಾಂಕಿಗೆ ಹೋಗುವ ಪೈಪ್‌ನ ಕೊನೆಯ ಒಂದು ಮೊಳ ಮಾತ್ರ ತುಂಬಾ ಕಾಡಿತು. ಅದಕ್ಕೆ ಏನು ಸುತ್ತಿದ್ದೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇನ್ನೊಂದು ಚಳಿಗಾಲ ತಡೆದರೆ ಹೇಳುತ್ತೇನೆ.

ಗ್ಯಾಸ್ ಲೆಕ್ಕಕ್ಕೆ ಬರೋಣ. ಮೈನಸ್ 8–10 ಇದ್ದರೆ ನಮಗೆ ದಿನಕ್ಕೆ 4 ಕಿಲೋ ಆಜುಬಾಜು. ವಾರಕ್ಕೆ 11 ಕಿಲೋ ಸಿಲಿಂಡರ್ ಎರಡೂವರೆ. 70–75 ಯೂರೋ ಅಂದುಕೊಳ್ಳಿ. ಎರಡು ಸಿಲಿಂಡರ್ ಗಾಡಿಯಲ್ಲಿ, ಒಂದು ಮುಗಿದರೆ ತಾನೇ ಬದಲಾಗುವ ರೆಗ್ಯುಲೇಟರ್. ಖಾಲಿಯಾದದ್ದನ್ನು ಕ್ಯಾಂಪಿಂಗ್‌ನಲ್ಲೇ ಬದಲಾಯಿಸುತ್ತೇವೆ. ಶುದ್ಧ ಪ್ರೊಪೇನ್ ಮಾತ್ರ. ಅದು ಮೈನಸ್ 42ರ ತನಕ ಆವಿಯಾಗುತ್ತದೆ, ಬ್ಯುಟೇನ್ ಸೊನ್ನೆಯ ಹತ್ತಿರವೇ ಕೈಕೊಡುತ್ತದೆ. ಗೆಳೆಯನೊಬ್ಬ ಶರತ್ಕಾಲದಲ್ಲಿ ದಕ್ಷಿಣದ ಕಡೆ ಬಂಕ್‌ನಲ್ಲಿ ತುಂಬಿಸಿದ್ದ ಆಟೋಗ್ಯಾಸ್ (ಕಾರುಗಳಿಗೆ ಹಾಕುವ ಎಲ್‌ಪಿಜಿ) ಸಿಲಿಂಡರ್ ಜೊತೆಗೇ ಬಂದಿದ್ದ. ಬ್ಯುಟೇನ್ ಜಾಸ್ತಿ ಇದ್ದ ಮಿಶ್ರಣ. ತಕ್ಕಡಿಯಲ್ಲಿ ಸಿಲಿಂಡರ್ ಅರ್ಧ ತುಂಬಿದೆ, ಹೀಟರ್ ಮಾತ್ರ ಹತ್ತುತ್ತಿಲ್ಲ.

ಕರೆಂಟ್ ಹೀಟರ್ ಇಟ್ಟರಾಯಿತಲ್ಲ ಅಂತೀರಾ? ಚಳಿಗಾಲದಲ್ಲಿ ಕ್ಯಾಂಪಿಂಗ್‌ನವರು ಕರೆಂಟನ್ನು ಯೂನಿಟ್ ಲೆಕ್ಕದಲ್ಲಿ ಕೊಡುತ್ತಾರೆ. ನಾವು ಕೊಟ್ಟದ್ದು 80–90 ಸೆಂಟ್. ಒಂದು ಕಿಲೋ ಪ್ರೊಪೇನ್‌ನಲ್ಲಿ ಸುಮಾರು 12.8 ಯೂನಿಟ್ ಶಾಖ ಇದೆ, ಅಂದರೆ ಗ್ಯಾಸ್ ಶಾಖ ಯೂನಿಟ್‌ಗೆ 20 ಸೆಂಟ್ ಬೀಳುತ್ತದೆ. ನಾಲ್ಕು ಪಟ್ಟು ಫರಕು. ಫ್ಯಾನ್ ಹೀಟರ್ ಒಂದು ಇಟ್ಟುಕೊಂಡಿದ್ದೇನೆ, ಗ್ಯಾಸ್ ಕೈಕೊಟ್ಟರೆ ಇರಲಿ ಅಂತ.

ಒಟ್ಟು ಖರ್ಚು: ಫಾಶಿಂಗ್ ವಾರ ಆ ಕಣಿವೆಯಲ್ಲಿ ನಾಲ್ಕು ಜನರ ಅಪಾರ್ಟ್‌ಮೆಂಟ್‌ಗೆ ನಮಗೆ ಹೇಳಿದ್ದು ರಾತ್ರಿಗೆ 250–260. ಕ್ಯಾಂಪಿಂಗ್ ಜಾಗ, ಊರಿನ ತೆರಿಗೆ ಸೇರಿ 65–70. ವಾರಕ್ಕೆ ಗ್ಯಾಸ್, ಕರೆಂಟ್ ಎಲ್ಲ ಕೂಡಿಸಿದರೂ 600 ದಾಟಿಲ್ಲ. ಅಲ್ಲಿ 1,800! ಮ್ಯಾಟ್, ನೆಲಕ್ಕೆ ಹಾಸಿದ ತೆಳು ಥರ್ಮೋಕೋಲ್ ಶೀಟ್, ಅದರ ಮೇಲಿನ ಕಾರ್ಪೆಟ್, ಪೈಪಿನ ಸುತ್ತು, ಮೀಟರ್ ಇವಕ್ಕೆ ಒಂದೇ ಸಲ ಆದ ಖರ್ಚು 300 ಇರಬಹುದು. ಮೊದಲ ವಾರದಲ್ಲೇ ವಸೂಲಿ. ಸ್ಕೀ ಪಾಸ್‌ನಲ್ಲಿ ಮಾತ್ರ ಉಳಿತಾಯ ಇಲ್ಲ, ದೊಡ್ಡವರಿಗೆ ದಿನಕ್ಕೆ ಎಪ್ಪತ್ತರ ಮೇಲೆ. ಮಕ್ಕಳ ಸ್ಕೀ, ಬೂಟ್ ಮ್ಯೂನಿಕ್‌ನಲ್ಲೇ ಇಡೀ ಸೀಸನ್‌ಗೆ ಬಾಡಿಗೆಗೆ ತಗೊಳ್ಳುತ್ತೇವೆ. ವರ್ಷಕ್ಕೆ ಒಂದು ಸೈಜ್ ಬದಲಾಗುವ ಕಾಲಿಗೆ ಕೊಳ್ಳುವವರು ಕೊಳ್ಳಲಿ.

ರಸ್ತೆ ಬದಿ, ಲಿಫ್ಟ್‌ನ ಪಾರ್ಕಿಂಗ್‌ನಲ್ಲಿ ಪುಕ್ಕಟೆ ಮಲಗುವ ಯೋಚನೆ ಬೇಡ. ಟಿರೋಲ್‌ನಲ್ಲಿ ಕ್ಯಾಂಪಿಂಗ್ ಜಾಗದ ಹೊರಗೆ ಕ್ಯಾಂಪ್ ಮಾಡುವುದಕ್ಕೆ ಕಾನೂನಿನ ನಿಷೇಧ ಇದೆ. ನಾವು ಇಳಿಯುವ ಜಾಗದ ಹೆಸರು ಹೇಳಲ್ಲ, ಈಗಲೇ ಅಕ್ಟೋಬರ್‌ನಲ್ಲಿ ಬುಕ್ ಮಾಡಬೇಕಾಗುತ್ತಿದೆ. ಬೂಟ್ ಒಣಗಿಸುವ ಕೋಣೆ ಇದೆಯಾ, ಸ್ಕೀ ಬಸ್ ಗೇಟ್ ಹತ್ತಿರ ನಿಲ್ಲುತ್ತದಾ, ಇಷ್ಟು ಕೇಳಿ. ಬಸ್ ಇದ್ದರೆ ವಾರ ಪೂರ್ತಿ ಗಾಡಿ ಅಲ್ಲಾಡಿಸಬೇಕಾಗಿಲ್ಲ. ಹೊಸಬರು ಆ ಕಣಿವೆಯ ಮೈರ್‌ಹೋಫನ್ ಊರಿನ ಆಹಾರ್ನ್ ಬೆಟ್ಟದ ಕಡೆಗೆ ಹೋಗಿ, ಅಗಲವಾದ ಸುಲಭ ಇಳಿಜಾರು. ಎದುರಿನ ಪೆಂಕನ್ ಬೆಟ್ಟದಲ್ಲಿ 78 ಶೇಕಡಾ ಕಡಿದಾದ ಹರಾಕಿರಿ ಅನ್ನುವ ಇಳಿಜಾರು ಇದೆ. ಮೂವತ್ತು ದಾಟಿದ ಮೇಲೆ ಹಿಮ ಕಂಡ ತುಮಕೂರಿನವನು ನಾನು, ಅದನ್ನು ಮೇಲಿಂದ ನೋಡಿ ಫೋಟೋ ತೆಗೆದು ಬಂದೆ. ಕಣಿವೆಯಲ್ಲಿ ಹಿಮ ಇಲ್ಲದಿದ್ದರೆ ಹಿಂಟರ್‌ಟುಕ್ಸ್ ಹಿಮನದಿ ಇದ್ದೇ ಇದೆ, 3,250 ಮೀಟರ್ ಎತ್ತರದವರೆಗೆ ಲಿಫ್ಟ್, ವರ್ಷವಿಡೀ ಸ್ಕೀಯಿಂಗ್.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶನಿವಾರ ಹೊರಡಬೇಡಿ, ಇನ್‌ಟಾಲ್ (ಇನ್ ನದಿ ಕಣಿವೆ) ಹೆದ್ದಾರಿಯಲ್ಲಿ ಟ್ರಾಫಿಕ್ ಪೂರ್ತಿ ನಿಂತಿರುತ್ತದೆ. ಗಡಿಯಿಂದ ಕುಫ್‌ಸ್ಟೈನ್ ದಕ್ಷಿಣದ ಎಕ್ಸಿಟ್‌ವರೆಗೆ ವಿನ್ಯೆಟ್ (ಹೆದ್ದಾರಿ ಟೋಲ್ ಸ್ಟಿಕ್ಕರ್) ಬೇಡ, ಝಿಲ್ಲರ್‌ಟಾಲ್‌ಗೆ ತಿರುಗುವುದು ಅದರ ಆಚೆ, ಆದ್ದರಿಂದ ಬೇಕು. ಮುಂದಿನ ಚಕ್ರದ ಡ್ರೈವ್, ಹಿಂದೆ ಗ್ಯಾರೇಜ್ (ಗಾಡಿಯೊಳಗಿನ ಸಾಮಾನು ಕೋಣೆ) ತುಂಬ ಭಾರ ಅಂದರೆ ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತದೆ. ಭಾರದ್ದೆಲ್ಲ ಮುಂದಕ್ಕೆ ತನ್ನಿ. ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಚೈನ್ ಕಟ್ಟುವುದನ್ನು ಮನೆ ಮುಂದೆ ಒಣ ನೆಲದಲ್ಲಿ ಅಭ್ಯಾಸ ಮಾಡಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಹಿಡಿದುಕೊಂಡುಬಿಡುತ್ತದೆ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ, ಚಕ್ರದಡಿ ಹಲಗೆ ಹಾಕಿ.

ಒಂದೆರಡು ಪ್ರಯೋಗ. ಗಾಡಿ ಸುತ್ತ ಹಿಮದ ಗೋಡೆ ಕಟ್ಟಿದರೆ ಕೆಳಗೆ ಗಾಳಿ ನುಗ್ಗುವುದಿಲ್ಲ, ನೆಲ ಎರಡು ಡಿಗ್ರಿ ಬೆಚ್ಚಗಾಯಿತು. ಮಕ್ಕಳಿಗೂ ಆಟ. ಆದರೆ ಗ್ಯಾಸ್ ಪೆಟ್ಟಿಗೆಯ ತಳದ ತೂತು, ಹೀಟರ್ ಚಿಮಣಿ ಎರಡೂ ಬಯಲಾಗಿಯೇ ಇರಬೇಕು. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ತಳದಿಂದಲೇ ಹೊರಹೋಗಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಇಡ್ಲಿ ಹಿಟ್ಟು ಇನ್ನೊಂದು. ಬೂಟ್ ಒಣಗಿಸಲು ಹೀಟರ್‌ನ ಬಿಸಿಗಾಳಿ ಕೊಳವೆಯೊಂದನ್ನು ಗ್ಯಾರೇಜ್‌ಗೆ ತಿರುಗಿಸಿದ್ದೆ. ಅಲ್ಲಿ ರಾತ್ರಿ ಪೂರ್ತಿ 27–28 ಡಿಗ್ರಿ. ಹಿಟ್ಟು ಮ್ಯೂನಿಕ್‌ನ ಮನೆಗಿಂತ ಚೆನ್ನಾಗಿ ಉಬ್ಬಿತು. ಸ್ಕೀ ಬೂಟ್ ಪಕ್ಕ ಹುದುಗಿದ ಹಿಟ್ಟನ್ನು ತಿನ್ನಲ್ಲ ಅಂತ ಹೆಂಡತಿ ಖಡಾಖಂಡಿತ ಹೇಳಿದ್ದರಿಂದ ಮಾರನೇ ವರ್ಷ ಕೊಳವೆ ಇನ್ನೊಂದು ಕವಲೊಡೆಯಿತು. ಇಡ್ಲಿ ಬೇಯಿಸುವುದು ಮಾತ್ರ ಹೊರಗಿನ ಒಲೆಯಲ್ಲಿ, ಆವಿ ಒಳಗೆ ಬರಬಾರದಲ್ಲ. ಇಳಿಜಾರಿಗೆ ಫ್ಲಾಸ್ಕ್‌ನಲ್ಲಿ ರಾಗಿ ಮಾಲ್ಟ್. ಬೆಟ್ಟದ ಮೇಲಿನ ಗುಡಿಸಲು ಹೋಟೆಲ್‌ನಲ್ಲಿ ಸೂಪ್‌ಗೆ ಕೊಡುವ ದುಡ್ಡು ನೆನೆದರೆ ಇನ್ನೂ ರುಚಿ.

ಕೊನೆಗೆ ತೂಕ. ಸ್ಕೀ, ಬೂಟ್, ಚೈನ್, ಸಲಿಕೆ, ಎರಡು ಸಿಲಿಂಡರ್ ಸೇರಿದರೆ 3.5 ಟನ್ ಮುಟ್ಟುವುದು ಗೊತ್ತೇ ಆಗುವುದಿಲ್ಲ. ಹೊರಡುವ ಮೊದಲು ತುಂಬಿದ ಗಾಡಿಯನ್ನು ತೂಗಿಸಿ. ನಾವು ನೀರಿನ ಟ್ಯಾಂಕ್ ಕಾಲು ಭಾಗ ಮಾತ್ರ ತುಂಬಿಸಿ ಹೋಗುತ್ತೇವೆ, ಮಿಕ್ಕಿದ್ದನ್ನು ಅಲ್ಲಿ ಗಿಡಕ್ಕೆ ನೀರು ಹಾಕುವ ಕ್ಯಾನ್‌ನಲ್ಲಿ. ಸ್ಟೀಲ್ ಬದಲು ಅಲ್ಯೂಮಿನಿಯಂ ಸಿಲಿಂಡರ್ ಹಾಕಿದರೆ ಒಂದಕ್ಕೆ ಆರೇಳು ಕಿಲೋ ಉಳಿಯುತ್ತದೆ. ಹಳೆಯದು ಬೇಕಿದ್ದರೆ ಬೇಸಿಗೆಯಲ್ಲೇ ಹುಡುಕಿ. ನವೆಂಬರ್ ಬಂತು ಅಂದರೆ ಎಲ್ಲರಿಗೂ ಅದೇ ಬೇಕು.