ಮಂಜಿನಲ್ಲಿ ನಿಂತಾಗ ದಿಕ್ಕು ಹೇಳಬೇಕು: ಚಾರಣದ ಜಿಪಿಎಸ್ ಆರಿಸಿದ ನನ್ನ ಅನುಭವ

ಚಾರಣಕ್ಕೆ ಯಾವ ಜಿಪಿಎಸ್ (ಕೈಯಲ್ಲಿ ಹಿಡಿದು ನಾವೆಲ್ಲಿದ್ದೇವೆ ಅಂತ ನೋಡುವ ಸಾಧನ) ತಗೊಳ್ಳಲಿ ಅಂತ ಕೇಳಿದವರಿಗೆಲ್ಲ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಮಳೆಗಾಲದಲ್ಲೂ ಬೆಟ್ಟ ಹತ್ತುತ್ತೀರಾ? ಇಲ್ಲ, ಡಿಸೆಂಬರ್-ಜನವರಿ ಮಾತ್ರ ಅಂದರೆ ದುಡ್ಡು ಉಳಿಸಿ, ಫೋನೇ ಸಾಕು ಅನ್ನುತ್ತೇನೆ. ಆ ತಿಂಗಳುಗಳಲ್ಲಿ ಕುಮಾರ ಪರ್ವತಕ್ಕೆ ಹೋದರೆ ದಾರಿ ತಪ್ಪುವುದೇ ಕಷ್ಟ. ಮುಂದೊಂದು ಗುಂಪು, ಹಿಂದೊಂದು ಗುಂಪು. ಯಾರೂ ಸಿಗದಿದ್ದರೆ ಬಿಸಾಡಿದ ಬಿಸ್ಕತ್ ಕವರುಗಳನ್ನು ನೋಡಿಕೊಂಡೇ ನಡುದಾರಿಯ ಭಟ್ಟರ ಮನೆ ತಲುಪಬಹುದು, ಬೇಜಾರಿನ ಸಂಗತಿ.

ಜೂನ್ ಕಳೆದ ಮೇಲೆ ಕುದುರೆಮುಖದ ಕಥೆಯೇ ಬೇರೆ. ಮುಳ್ಳೋಡಿಯಿಂದ ಹೊರಟು ಒಂಟಿ ಮರ ದಾಟುವಷ್ಟರಲ್ಲಿ ಮಂಜು ಇಳಿದಿರುತ್ತದೆ. ಮುಂದಿನವರ ರೈನ್‌ಕೋಟಿನ ಬಣ್ಣ ಇಪ್ಪತ್ತು ಹೆಜ್ಜೆ ದೂರದಲ್ಲೇ ಮಾಯ. ಹುಲ್ಲುಗಾವಲಿನಲ್ಲಿ ಕಾಲುದಾರಿ ಎರಡಾಗುತ್ತದೆ. ಒಂದು ಮನುಷ್ಯರದ್ದು, ಇನ್ನೊಂದು ಕಾಡುಕೋಣದ್ದು. ಎರಡೂ ಅಷ್ಟೇ ಅಗಲ, ಎರಡರಲ್ಲೂ ಅಷ್ಟೇ ಕೆಸರು. ಆ ಕವಲಿನಲ್ಲಿ ನಿಂತಾಗ ಕೈಯಲ್ಲಿ ಏನಿದ್ದರೆ ಉಪಯೋಗ ಅಂತ ಯೋಚಿಸಿಯೇ ನಾನು ಜಿಪಿಎಸ್ ಆರಿಸಿದ್ದು.

ಗೈಡ್ ಇದ್ದೇ ಇರುತ್ತಾರೆ, ಮತ್ತೆ ಇದೆಲ್ಲ ಯಾಕೆ ಅನ್ನಬಹುದು. ಗೈಡ್ ಬೇಕೇ ಬೇಕು, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಜಿಪಿಎಸ್ ಇದೆ ಅಂತ ದಾರಿ ಬಿಟ್ಟು ಕಾಡಿಗೆ ನುಗ್ಗುವವರ ಜೊತೆ ನಾನು ಹೋಗುವುದಿಲ್ಲ. ಆದರೆ ಗೈಡ್ ನಡೆಯುವುದು ಮುಂದೆ. ನಮ್ಮ ಗುಂಪಿನಲ್ಲಿ ನಾನು ನಡೆಯುವುದು ಕೊನೆಯಲ್ಲಿ, ನಿಧಾನದವರ ಜೊತೆ. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರು ಸಾಕ್ಸ್ ಬಿಚ್ಚಿ ಇಂಬಳ ಕೀಳುತ್ತಾ ಕೂತಿರುತ್ತಾರೆ. ಅಷ್ಟರಲ್ಲಿ ಮುಂದಿನವರು ಮಂಜಿನೊಳಗೆ ಹೋಗಿ ಆಗಿರುತ್ತದೆ. ಕೂಗಿದರೆ ಗಾಳಿಗೆ ಕೇಳುವುದಿಲ್ಲ.

ಫೋನ್ ಯಾಕೆ ಸಾಲದು ಅನ್ನುವುದನ್ನು ಮೊದಲು ಮುಗಿಸಿಬಿಡುತ್ತೇನೆ. ಫೋನಿನ ಜಿಪಿಎಸ್ ಕೆಟ್ಟದ್ದೇನಲ್ಲ. ಏರೋಪ್ಲೇನ್ ಮೋಡಿನಲ್ಲಿಟ್ಟರೂ ಅದು ಕೆಲಸ ಮಾಡುತ್ತದೆ, ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದರೆ ಟವರ್ ಬೇಕಿಲ್ಲ. ತೊಂದರೆ ಇರುವುದು ಪರದೆಯಲ್ಲಿ. ಟಚ್ ಪರದೆಯ ಮೇಲೆ ಮಳೆಹನಿ ಬಿದ್ದರೆ ಅದನ್ನೂ ಬೆರಳು ಅಂದುಕೊಳ್ಳುತ್ತದೆ. ಮ್ಯಾಪ್ ತಾನಾಗಿಯೇ ಎಲ್ಲಿಗೋ ಜಾರುತ್ತದೆ. ಒರೆಸೋಣ ಅಂದರೆ ಮೈಮೇಲೆ ಒಣಗಿದ ಬಟ್ಟೆ ಒಂದೂ ಇರುವುದಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಒಳಗಡೆ ಹಬೆ ಕಟ್ಟುತ್ತದೆ. ಫೋನ್ ಈಗಲೂ ನನ್ನ ಬ್ಯಾಗಿನಲ್ಲಿರುತ್ತದೆ, ಓಎಸ್‌ಎಂ ಆಂಡ್ ಅನ್ನುವ ಮ್ಯಾಪ್ ಆ್ಯಪ್ ಹಾಕಿಕೊಂಡು, ಎರಡನೇ ಸಾಲಿನ ರಕ್ಷಣೆಯಾಗಿ. ಹೊರಗೆ ತೆಗೆಯುವುದು ತೀರಾ ಅಗತ್ಯ ಬಿದ್ದರೆ ಮಾತ್ರ.

ಟಚ್ ಬೇಡ ಅಂತಾದ ಮೇಲೆ ಅರ್ಧ ಪಟ್ಟಿ ಅಲ್ಲೇ ಖಾಲಿಯಾಯಿತು. ಉಳಿದದ್ದು ಗುಂಡಿ ಇರುವ ಮಾಡೆಲ್‌ಗಳು. ಗಾರ್ಮಿನ್ ಕಂಪನಿಯ ಈಟ್ರೆಕ್ಸ್ 22ಎಕ್ಸ್, 32ಎಕ್ಸ್ ಮತ್ತು ಜಿಪಿಎಸ್‌ಮ್ಯಾಪ್ 65ಎಸ್, ಈ ಮೂರರ ನಡುವೆ ನಾನು ಹೊಯ್ದಾಡಿದೆ. ಈಟ್ರೆಕ್ಸ್ ಎಸ್‌ಇ ಕೂಡ ಒಂದಿದೆ. ಎರಡು ಸೆಲ್ಲಿಗೆ 168 ಗಂಟೆ ಬರುತ್ತದೆ ಅನ್ನುತ್ತಾರೆ ಕಂಪನಿಯವರು, ಆಸೆ ಹುಟ್ಟಿಸುವ ಲೆಕ್ಕ. ಆದರೆ ಅದರಲ್ಲಿ ಪೂರ್ತಿ ಮ್ಯಾಪ್ ಇಲ್ಲ, ನಡೆದ ಗೆರೆ ಮಾತ್ರ ಕಾಣುತ್ತದೆ. ಎಡಕ್ಕೆ ಹಳ್ಳ ಇದೆಯಾ, ಕೊರಕಲು ಇದೆಯಾ ಅಂತ ಗೊತ್ತಾಗದೆ ನನಗೆ ಹೆಜ್ಜೆ ಇಡಲಾಗುವುದಿಲ್ಲ. ಬಿಸಿಲಿಗೆ ಚಾರ್ಜ್ ಆಗುವ ಈಟ್ರೆಕ್ಸ್ ಸೋಲಾರ್ ಬಗ್ಗೆ ಹೇಳುವುದೇ ಬೇಡ. ಆಗುಂಬೆ ಸುತ್ತಮುತ್ತ ಜುಲೈನಲ್ಲಿ ಬಿಸಿಲು ಎಲ್ಲಿಂದ ತರೋಣ?

22ಎಕ್ಸ್ ಮತ್ತು 32ಎಕ್ಸ್ ಹೊರಗಿನಿಂದ ನೋಡಿದರೆ ಅಕ್ಕ-ತಂಗಿ. ಎರಡೂ 2019ರಲ್ಲಿ ಬಂದವು. ಅದೇ 2.2 ಇಂಚಿನ ಪರದೆ, ಅದೇ 8 ಜಿಬಿ, ಅದೇ ಎರಡು ಡಬಲ್ ಎ ಸೆಲ್, ಅದೇ 25 ಗಂಟೆ. ಮುಖ್ಯ ವ್ಯತ್ಯಾಸ ಎರಡು: 32ಎಕ್ಸ್‌ನಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇದೆ, ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಮಾಪಕ ಇದೆ. ಅಷ್ಟಕ್ಕೆ ಜಾಸ್ತಿ ದುಡ್ಡು ಯಾಕೆ ಅಂತ ಬಹಳ ಜನ 22ಎಕ್ಸ್ ತಗೊಳ್ಳುತ್ತಾರೆ. ನಮ್ಮ ಬೆಟ್ಟಗಳಿಗೆ ಅದು ತಪ್ಪು ಉಳಿತಾಯ ಅನ್ನುವುದು ನನ್ನ ಅಭಿಪ್ರಾಯ.

ಯಾಕೆ ಅಂದರೆ, ಜಿಪಿಎಸ್‌ಗೆ ನೀವು ಎಲ್ಲಿದ್ದೀರಿ ಅಂತ ಗೊತ್ತು. ಯಾವ ಕಡೆ ಮುಖ ಮಾಡಿ ನಿಂತಿದ್ದೀರಿ ಅಂತ ಗೊತ್ತಿಲ್ಲ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ನೀವು ಸರಿದಾಗ, ಆ ಎರಡು ಬಿಂದುಗಳನ್ನು ಜೋಡಿಸಿ ದಿಕ್ಕು ಲೆಕ್ಕ ಹಾಕುತ್ತದೆ. ಅಂದರೆ 22ಎಕ್ಸ್ ಹಿಡಿದವರು ದಿಕ್ಕು ತಿಳಿಯಬೇಕಾದರೆ ಹತ್ತು ಹದಿನೈದು ಹೆಜ್ಜೆ ಸುಮ್ನೆ ನಡೆಯಬೇಕು. ಬಯಲಿನಲ್ಲಿ ಅದೇನು ದೊಡ್ಡ ವಿಷಯ ಅಲ್ಲ. ಕುಮಾರ ಪರ್ವತದ ದಾರಿಯಲ್ಲಿ ಸಿಗುವ ಶೇಷ ಪರ್ವತದ ಅಂಚಿನಲ್ಲಿ, ಎದುರಿಗೆ ಬರೀ ಬಿಳಿ ಇರುವಾಗ, ಯಾವ ಕಡೆ ಹತ್ತು ಹೆಜ್ಜೆ ಇಡುತ್ತೀರಿ? 32ಎಕ್ಸ್ ಆದರೆ ನಿಂತಲ್ಲೇ ತಿರುಗಿದರೆ ಸಾಕು, ಪರದೆಯ ಮೇಲೆ ಮ್ಯಾಪೂ ತಿರುಗುತ್ತದೆ. ಕವಲಿನಲ್ಲಿ ನಿಂತು ಮನುಷ್ಯರ ದಾರಿ ಎದುರಿಗಿದೆಯೋ ಎಡಕ್ಕಿದೆಯೋ ನೋಡಿ, ಆಮೇಲೆ ಕಾಲು ಎತ್ತಬಹುದು. ನಾನು ಇದನ್ನು ಕೊಂಡದ್ದು ಮುಖ್ಯವಾಗಿ ಇದೊಂದಕ್ಕೇ.

ಆದರೆ ಕುದುರೆಮುಖದ ಕಡೆ ದಿಕ್ಸೂಚಿಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 2005ರ ಕೊನೆಯವರೆಗೆ ಅಲ್ಲಿ ಗಣಿ ನಡೆದದ್ದು ಮ್ಯಾಗ್ನೆಟೈಟ್ ಅದಿರಿಗೆ, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು. ಅಂಥ ಕಲ್ಲು ಹತ್ತಿರ ಇದ್ದರೆ ಯಾವ ದಿಕ್ಸೂಚಿಯೂ ಅತ್ತಿತ್ತ ಆಗಬಹುದು. ಅದಕ್ಕೇ ದಾರಿ ಸ್ಪಷ್ಟ ಇರುವ ಕಡೆ, ನಡೆಯುತ್ತಲೇ, ದಿಕ್ಸೂಚಿ ತೋರಿಸುವ ದಿಕ್ಕು ಮತ್ತು ನಡಿಗೆಯಿಂದ ಬರುವ ದಿಕ್ಕು ಹೊಂದುತ್ತವೆಯಾ ಅಂತ ಆಗಾಗ ನೋಡಿಕೊಳ್ಳುತ್ತೇನೆ. ಹೊಂದಿದರೆ ಮುಂದಿನ ಮಂಜಿಗೆ ಧೈರ್ಯ. ಸೆಲ್ ಬದಲಿಸಿದಾಗಲೆಲ್ಲ ದಿಕ್ಸೂಚಿಯನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು. ಡಿವೈಸನ್ನು ಪರದೆ ಹೇಳಿದ ಹಾಗೆ ಮೂರು ಕಡೆ ತಿರುಗಿಸಿದರೆ ಆಯಿತು. ಜೀಪಿನೊಳಗೆ ಕೂತು ಮಾಡಬೇಡಿ, ಸುತ್ತ ಬರೀ ಕಬ್ಬಿಣ.

65ಎಸ್ ವಿಚಾರಕ್ಕೆ ಬರುತ್ತೇನೆ. ಅದರ ಆಂಟೆನಾ ಮೇಲೆ ಮೊಳೆತು ನಿಂತಿರುತ್ತದೆ, ಒಳಗೆ ಸುರುಳಿ ಸುತ್ತಿದ ತಂತಿ. ಈಟ್ರೆಕ್ಸ್‌ನಲ್ಲಿ ಚಪ್ಪಟೆ ಬಿಲ್ಲೆ. ಹಾಗಾಗಿ 65ಎಸ್ ಅನ್ನು ನೆಟ್ಟಗೆ ಹಿಡಿಯಬೇಕು, ಈಟ್ರೆಕ್ಸ್ ಅನ್ನು ಅಂಗೈ ಮೇಲೆ ಮಲಗಿಸಿದ ಹಾಗೆ ಹಿಡಿಯಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಸಿಗ್ನಲ್ ಸಿಗುವುದಿಲ್ಲ ಅಂತ ಬೈದುಕೊಳ್ಳುತ್ತಾರೆ. 65ಎಸ್ ಉಪಗ್ರಹದಿಂದ ಎರಡು ಫ್ರೀಕ್ವೆನ್ಸಿಗಳನ್ನು ಹಿಡಿಯುತ್ತದೆ. ಮರ, ಬಂಡೆಗೆ ತಾಗಿ ಬರುವ ಸುಳ್ಳು ಸಿಗ್ನಲ್ಲನ್ನು ಬೇರ್ಪಡಿಸಲು ಅದು ಸಹಾಯ.

ಗೆಳೆಯರೊಬ್ಬರ ಹತ್ತಿರ 65ಎಸ್ ಇತ್ತು, ಇನ್ನೊಬ್ಬರ ಹತ್ತಿರ 32ಎಕ್ಸ್. ಎರಡನ್ನೂ ಕೇಳಿ ತಂದು, ಬ್ಯಾಗಿನ ಹೆಗಲ ಪಟ್ಟಿಗೆ ಒಂದೊಂದು ಕಡೆ ಕಟ್ಟಿಕೊಂಡು ಲಾಲ್‌ಬಾಗ್‌ನಲ್ಲಿ ಸುತ್ತಿದೆ. ದೊಡ್ಡ ಮರಗಳ ಕೆಳಗಿನ ದಾರಿಯಲ್ಲಿ ಹೋಗಿ, ಅದೇ ದಾರಿಯಲ್ಲಿ ವಾಪಸ್. ಮನೆಗೆ ಬಂದು ಕಂಪ್ಯೂಟರಿನಲ್ಲಿ ಎರಡರ ಗೆರೆಗಳನ್ನೂ ಒಂದರ ಮೇಲೊಂದು ಹಾಕಿ ನೋಡಿದೆ. 65ಎಸ್‌ನಲ್ಲಿ ಹೋದ ಗೆರೆ, ಬಂದ ಗೆರೆ ಹೆಚ್ಚುಕಮ್ಮಿ ಒಂದರ ಮೇಲೊಂದು ಕೂತವು. 32ಎಕ್ಸ್‌ನಲ್ಲಿ ಮರದ ಕೆಳಗೆ ಅಲ್ಲಲ್ಲಿ ಬೇರೆಯಾದವು. ಬಂಡೆಯ ಮೇಲೆ, ಆಕಾಶ ತೆರೆದಿರುವ ಕಡೆ, ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ. ಯಾವ ವಿಮರ್ಶೆ ಓದುವುದಕ್ಕಿಂತಲೂ ಈ ಪರೀಕ್ಷೆ ಒಳ್ಳೇದು. ಖರ್ಚಿಲ್ಲ, ಬೆಳಗಿನ ವಾಕಿಂಗೂ ಆಗುತ್ತದೆ.

ಮತ್ತೆ 65ಎಸ್ ಯಾಕೆ ತಗೊಳ್ಳಲಿಲ್ಲ? ಸೆಲ್ ಬಾಳುವುದು 16 ಗಂಟೆ, ತೂಕ 217 ಗ್ರಾಂ. 32ಎಕ್ಸ್‌ಗೆ 25 ಗಂಟೆ, 142 ಗ್ರಾಂ. ಬೆಲೆಯಲ್ಲೂ ಒಳ್ಳೇ ಅಂತರ. ಇನ್ನು ಶೋಲಾ ಕಾಡಿನೊಳಗೆ ಗೆರೆ ಕೆಲವು ಮೀಟರ್ ಆಚೀಚೆ ಆದರೂ ಕಾಲುದಾರಿ ಕಣ್ಣಿಗೇ ಕಾಣುತ್ತದೆ, ಎರಡೂ ಕಡೆ ಗಿಡಗಳು ಒತ್ತಿರುತ್ತವೆ. ಗೊಂದಲ ಆಗುವುದು ಹುಲ್ಲುಗಾವಲಿನಲ್ಲಿ, ಅಲ್ಲಿ ತಲೆಯ ಮೇಲೆ ಮರವೇ ಇಲ್ಲ. ಮಂಜು ಎಷ್ಟೇ ದಟ್ಟ ಇರಲಿ, ಉಪಗ್ರಹದ ಸಿಗ್ನಲ್ಲಿಗೆ ಅದು ಅಡ್ಡಿಯಲ್ಲ. ಕಾಡಿನ ಸರ್ವೆ, ಗಿಡಗಳ ಗಣತಿ ಮಾಡುವವರಿಗೆ 65ಎಸ್ ಸರಿ. ಹಿಂದೆ ಉಳಿದವರನ್ನು ಕರೆದುಕೊಂಡು ಬರುವ ನನ್ನ ಕೆಲಸಕ್ಕೆ 32ಎಕ್ಸ್ ಸಾಕಾಯಿತು.

ಎತ್ತರದ ಮಾಪಕ ಮಜಾ ಕೊಡುವ ವಸ್ತು, ಸ್ವಲ್ಪ ತಲೆಹರಟೆಯೂ ಹೌದು. ನಮ್ಮಂಥ ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆರಡು ಸಲ ಏರಿಳಿಯುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಜಾಸ್ತಿ, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಒತ್ತಡ ಕಡಿಮೆಯಾದರೆ ಮಾಪಕ ನೀವು ಮೇಲೆ ಹತ್ತಿದ್ದೀರಿ ಅಂದುಕೊಳ್ಳುತ್ತದೆ. ಹೋಂಸ್ಟೇ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಲ್ಲೇ ಇಪ್ಪತ್ತು ಮೂವತ್ತು ಮೀಟರ್ ಮೇಲೇರಿಬಿಡಬಹುದು! ಹೊರಡುವ ಮೊದಲು ಗೊತ್ತಿರುವ ಎತ್ತರಕ್ಕೆ ಸರಿಮಾಡಿಕೊಂಡರೆ ದಿನಪೂರ್ತಿ ಚೆನ್ನಾಗಿ ಕೆಲಸ ಕೊಡುತ್ತದೆ. ಕುದುರೆಮುಖದ ತುದಿ 1894 ಮೀಟರ್, ಈಗ 1600 ಅಂತ ಹೇಳಿದರೆ ಸುಸ್ತಾದವರು ಎದ್ದು ನಿಲ್ಲುತ್ತಾರೆ. ‘ಇನ್ನೇನು ಬಂತು’ ಅನ್ನುವ ಮಾತನ್ನು ಚಾರಣದಲ್ಲಿ ಯಾರೂ ನಂಬುವುದಿಲ್ಲ, ಅಲ್ವಾ?

ಒಂದು ಮಾತು ಜೋರಾಗಿ ಹೇಳಬೇಕು. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್ ಮಾಡೆಲ್‌ಗಳನ್ನು ವಿದೇಶದಲ್ಲಿರುವ ನೆಂಟರಿಂದ ತರಿಸಿಕೊಳ್ಳಬೇಡಿ. ಮಾಡೆಲ್ ಹೆಸರಿನ ಕೊನೆಗೆ ‘ಐ’ ಇದ್ದರೆ, ಉದಾಹರಣೆಗೆ 66ಐ, ಅದು ಈ ಜಾತಿಯದ್ದು. ಅವು ಬಳಸುವುದು ಇರಿಡಿಯಂ ಉಪಗ್ರಹಗಳನ್ನು. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಅಂಥದ್ದನ್ನು ಇಟ್ಟುಕೊಳ್ಳುವುದು, ಬಳಸುವುದು ಕಾನೂನಿಗೆ ವಿರುದ್ಧ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರು ಇಲ್ಲಿನ ವಿಮಾನ ನಿಲ್ದಾಣಗಳಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದೂ ಇದೆ. ಬರೀ ಸಿಗ್ನಲ್ ಪಡೆಯುವ, ಏನನ್ನೂ ಕಳಿಸದ ಮಾಮೂಲಿ ಜಿಪಿಎಸ್‌ಗೆ ಈ ತಕರಾರಿಲ್ಲ.

ಮ್ಯಾಪ್ ವಿಷಯ. ಡಿವೈಸ್ ಜೊತೆ ಬರುವ ಮ್ಯಾಪಿನಲ್ಲಿ ನಮ್ಮ ಘಟ್ಟದ ಕಾಲುದಾರಿ ಹುಡುಕಿದರೆ ಸಿಗುವುದಿಲ್ಲ. ನಾನು ಹಾಕಿಕೊಂಡಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ಉಚಿತ ಮ್ಯಾಪ್. ಮೆಮೊರಿ ಕಾರ್ಡಿನಲ್ಲಿ ‘ಗಾರ್ಮಿನ್’ ಅನ್ನುವ ಫೋಲ್ಡರ್ ಮಾಡಿ ಅದರೊಳಗೆ ಫೈಲ್ ಹಾಕಿದರೆ ಆಯಿತು. ಇದರಲ್ಲಿರುವ ದಾರಿಗಳನ್ನು ಗುರುತು ಮಾಡಿದ್ದು ನಮ್ಮ ನಿಮ್ಮಂಥವರೇ. ಹಾಗಾಗಿ ಕೆಲವು ದಾರಿ ಚೊಕ್ಕ, ಕೆಲವು ಅಂದಾಜು. ಎತ್ತರದ ಗೆರೆಗಳು ಬಂದಿರುವುದು ಸಾಮಾನ್ಯವಾಗಿ 2000ರ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬೀಸಿ ಮಾಡಿದ ಅಳತೆಯಿಂದ. ಆ ರೇಡಾರ್ ದಟ್ಟ ಕಾಡಿನಲ್ಲಿ ನೆಲದ ಬದಲು ಮರದ ನೆತ್ತಿಯ ಹತ್ತಿರವನ್ನೇ ನೋಡಿತು. ಕಡಿದಾದ ಬಂಡೆಗಳನ್ನು ನುಣುಪು ಮಾಡಿಬಿಟ್ಟಿತು. ಮ್ಯಾಪಿನಲ್ಲಿ ಗೆರೆಗಳು ಒತ್ತೊತ್ತಾಗಿ ಕಂಡರೆ ನಿಜದಲ್ಲಿ ಇನ್ನೂ ಕಡಿದಾಗಿದೆ ಅಂತಲೇ ನಾನು ತಿಳಿಯುತ್ತೇನೆ. ಹಳೆಯ ಸರ್ವೆ ಆಫ್ ಇಂಡಿಯಾ ಟೋಪೋಶೀಟ್ (ಕಾಗದದ ವಿವರವಾದ ನಕ್ಷೆ) ಇದ್ದವರು ಇನ್ನೊಂದು ಗಮನಿಸಬೇಕು. ಅವು ಎವರೆಸ್ಟ್ ಡೇಟಮ್ ಅನ್ನುವ ಹಳೆಯ ಅಳತೆಯಲ್ಲಿವೆ, ಜಿಪಿಎಸ್ ಇರುವುದು ಡಬ್ಲ್ಯುಜಿಎಸ್ 84 ಅನ್ನುವ ಹೊಸ ಅಳತೆಯಲ್ಲಿ. ಹೊಂದಿಸದಿದ್ದರೆ ನೂರು-ಇನ್ನೂರು ಮೀಟರ್ ಜರುಗುತ್ತದೆ.

ಕೊಂಡ ದಿನವೇ ಬದಲಿಸಬೇಕಾದ ಸೆಟ್ಟಿಂಗ್ ಅಂದರೆ ಅಕ್ಷಾಂಶ-ರೇಖಾಂಶ ತೋರಿಸುವ ರೀತಿ. ಡಿವೈಸ್ ಡಿಗ್ರಿ ಮತ್ತು ನಿಮಿಷದಲ್ಲಿ ತೋರಿಸುತ್ತದೆ, ಫೋನ್ ಬರೀ ಡಿಗ್ರಿಯ ದಶಮಾಂಶದಲ್ಲಿ. ಫೋನಿನವರು ‘ಹದಿಮೂರು ಪಾಯಿಂಟ್ ಐವತ್ತು’ ಅಂದದ್ದನ್ನು ಇಲ್ಲಿ 13 ಡಿಗ್ರಿ 50 ನಿಮಿಷ ಅಂತ ಒತ್ತಿದರೆ ಏನಾಗುತ್ತದೆ? ಅರ್ಧ ಡಿಗ್ರಿ ಅಂದರೆ 30 ನಿಮಿಷ. 20 ನಿಮಿಷ ಜಾಸ್ತಿ ಹಾಕಿದ ಹಾಗಾಯಿತು, ಅಂದರೆ ಉತ್ತರಕ್ಕೆ 37 ಕಿಲೋಮೀಟರ್. ಯಾರಿಗೋ ಕಾಲು ಮುರಿದು ಕೂತಿರುವಾಗ ಇಷ್ಟು ಸಾಕು ಗ್ರಹಚಾರಕ್ಕೆ. ನಮ್ಮ ಗುಂಪಿನಲ್ಲಿ ಈಗ ಎಲ್ಲರದ್ದೂ ದಶಮಾಂಶ, ಹೊರಡುವ ಮೊದಲು ಒಂದೇ ಜಾಗದಲ್ಲಿ ನಿಂತು ಎಲ್ಲರ ಅಂಕಿ ತಾಳೆ ನೋಡುತ್ತೇವೆ.

ಇನ್ನು ಸೆಲ್. ಗೋಡೆ ಗಡಿಯಾರಕ್ಕೆ ಹಾಕುವ ಡಬಲ್ ಎ ಸೆಲ್ಲೇ ಆದ್ದರಿಂದ ಕಳಸದ ಯಾವ ಅಂಗಡಿಯಲ್ಲೂ ಸಿಗುತ್ತದೆ. ನಾನು ಬಳಸುವುದು ರೀಚಾರ್ಜ್ ಆಗುವ ನಿಕಲ್ ಸೆಲ್. ಅದಕ್ಕೆ ಸೆಟ್ಟಿಂಗ್‌ನಲ್ಲಿ ಸೆಲ್ ಯಾವ ಜಾತಿ ಅಂತ ಬದಲಿಸಬೇಕು. ಆಲ್ಕಲೈನ್ ಅಂತಲೇ ಬಿಟ್ಟರೆ, ವೋಲ್ಟೇಜ್ ಕಡಿಮೆ ಇರುವುದರಿಂದ, ತುಂಬಿರುವ ಸೆಲ್ಲನ್ನೂ ಅರ್ಧ ಖಾಲಿ ಅಂತ ತೋರಿಸಿ ಹೆದರಿಸುತ್ತದೆ. ಡಿವೈಸ್ ನೀರಿಗೆ ಜಗ್ಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅನ್ನುವ ದರ್ಜೆ ಅದಕ್ಕಿದೆ. ಆದರೆ ಹಿಂದಿನ ಮುಚ್ಚಳ ತೆಗೆದ ಕ್ಷಣ ಆ ಭರವಸೆ ಮುಗಿಯಿತು. ಆದ್ದರಿಂದ ಸೆಲ್ ಬದಲಿಸುವಾಗ ಒಬ್ಬರು ಛತ್ರಿ ಹಿಡಿಯಬೇಕು. ಚಾರಣಕ್ಕೆ ಛತ್ರಿ ತಂದವರನ್ನು ನೋಡಿ ನಗುವವರು ಆಗ ಸುಮ್ಮನಾಗುತ್ತಾರೆ.

ಈಗ ಹೊಸದಾಗಿ ಕೊಳ್ಳುವವರಿಗೆ ಒಂದು ಸೂಚನೆ: 32ಎಕ್ಸ್‌ಗೆ ಬೇಕಾಗುವುದು ಹಳೆಯ ಮಿನಿ ಯುಎಸ್‌ಬಿ ಕೇಬಲ್, ಇವತ್ತಿನ ಫೋನಿನ ಕೇಬಲ್ ಇದಕ್ಕೆ ಹೋಗುವುದಿಲ್ಲ. ಡಬ್ಬಿಯಲ್ಲಿ ಬಂದದ್ದರ ಜೊತೆ ಇನ್ನೊಂದು ತಂದಿಟ್ಟುಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೇಳಿದರೆ ಸಿಗುತ್ತದೆ.