ಮಲಗಿಸಿದ ರೌಟರ್, ಜಾರುವ ಮೇಜು: ಮನೆಯಲ್ಲೇ ಕಟ್ಟಿದ ಮಾರ್ಟಿಸ್ ಯಂತ್ರ

ನಾಲ್ಕು ಕಾಲಿನ ಸಾಧಾರಣ ಮೇಜಿಗೆ ಎಂಟು ಸಂದು ಬೇಕು. ಬಿಡಿ ಟೆನನ್ (ಎರಡೂ ತುಂಡುಗಳೊಳಗೆ ಕೂರುವ ಪ್ರತ್ಯೇಕ ಮರದ ಪಟ್ಟಿ) ಹಾಕುವುದಾದರೆ ಹದಿನಾರು ಮಾರ್ಟಿಸ್, ಅಂದರೆ ಟೆನನ್ ಕೂರುವ ಕುಳಿ. ಉಳಿ, ಕೊಡತಿ ಹಿಡಿದು ಇಷ್ಟನ್ನೂ ಒಂದೇ ಅಳತೆಗೆ ತೋಡುವುದು ಸಾಧ್ಯ, ಆದರೆ ಹದಿನಾರನೆಯದು ಮೊದಲನೆಯದರಷ್ಟೇ ನೇರವಾಗಿ ಬರುವುದು ಅಪರೂಪ. ತಿರುಗುವ ಅಲಗಿನಿಂದ ಮರ ತೋಡುವ ರೌಟರನ್ನು ಅಡ್ಡ ಮಲಗಿಸಿ, ಮರವನ್ನು ಜಾರುವ ಮೇಜಿನ ಮೇಲೆ ಬಿಗಿದು ಆ ಅಲಗಿನತ್ತ, ಅಂದರೆ ಬಿಟ್‌ನತ್ತ, ತಳ್ಳುವ ಯಂತ್ರ ಕಟ್ಟಿದ್ದು ಇದಕ್ಕಾಗಿ. ಇದರಲ್ಲಿ ರೌಟರ್ ಎಷ್ಟು ಶಕ್ತಿಯದ್ದು ಎಂಬುದು ದೊಡ್ಡ ಮಾತಲ್ಲ. ಮೇಜು ಜಾರುವಾಗ ಎಷ್ಟು ಅಲುಗಾಡುತ್ತದೆ, ಅದು ಜಾರುವ ದಾರಿ ಬಿಟ್‌ಗೆ ಎಷ್ಟು ಸಮಾನಾಂತರವಾಗಿದೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ.

ಯಂತ್ರಕ್ಕೆ ಮೂರು ಚಲನೆ ಇದೆ. ಎಡಬಲಕ್ಕೆ ಹೋಗುವುದು ಮಾರ್ಟಿಸ್‌ನ ಉದ್ದ. ಬಿಟ್‌ನತ್ತ ಹೋಗುವುದು ಆಳ. ರೌಟರ್ ಮೇಲೆ ಕೆಳಗೆ ಆಗುವುದು ಮರದ ದಪ್ಪದಲ್ಲಿ ಮಾರ್ಟಿಸ್ ಎಲ್ಲಿ ಬೀಳಬೇಕು ಎನ್ನುವುದಕ್ಕೆ. ಮೊದಲೆರಡು ಮೇಜಿನ ಕೆಲಸ, ಮೂರನೆಯದು ರೌಟರ್ ಹಲಗೆಯದು.

ಮೇಜು ಜಾರಲು ಡ್ರಾಯರ್ ಸ್ಲೈಡ್ ಹಾಕುವವರು ಬಹಳ. ಸುಲಭವಾಗಿ ಸಿಗುತ್ತದೆ, ಕೂರಿಸುವುದೂ ಸುಲಭ. ಆದರೆ ಡ್ರಾಯರ್ ಸ್ಲೈಡ್ ಇರುವುದು ಪಕ್ಕಕ್ಕೆ ನಿಂತು ಭಾರ ಹೊರಲು. ಅದನ್ನು ಚಪ್ಪಟೆ ಮಲಗಿಸಿದರೆ ಭಾರ ಹೊರುವ ಶಕ್ತಿ ಇಳಿಯುತ್ತದೆ, ಮೇಲೆ ಕೆಳಗಿನ ಅಲುಗಾಟ ಹೆಚ್ಚುತ್ತದೆ, ಪೂರ್ತಿ ಹೊರಗೆಳೆದಾಗಂತೂ ಇನ್ನೂ ಹೆಚ್ಚು. ಅರ್ಧ ಮಿ.ಮೀ. ಅಲುಗಾಟವಿದ್ದರೆ 8 ಮಿ.ಮೀ.ನ ಬಿಟ್ 8.5 ಮಿ.ಮೀ. ಮಾರ್ಟಿಸ್ ತೋಡಬಹುದು, ಆ ಸಂದಿನಲ್ಲಿ ಅಂಟಿಗೆ ಹಿಡಿತ ಸಿಗದು. ಹಾಗಾಗಿ ನಾನು ಆರಿಸಿದ್ದು 16 ಮಿ.ಮೀ. ದುಂಡು ಸರಳಿನ ಎಸ್‌ಬಿಆರ್ 16 ರೇಲು. ಸರಳಿನ ಉದ್ದಕ್ಕೂ ಕೆಳಗೆ ಅಲ್ಯೂಮಿನಿಯಂ ಆಧಾರವಿರುವುದರಿಂದ ನಡುವೆ ಬಾಗುವುದಿಲ್ಲ. ರೇಲಿನ ಮೇಲೆ ಜಾರುವ ಬೇರಿಂಗ್ ಬ್ಲಾಕಿನ ಪಕ್ಕದಲ್ಲಿ ಸಣ್ಣ ಗ್ರಬ್ ಸ್ಕ್ರೂ (ತಲೆಯಿಲ್ಲದ ತಿರುಪು) ಇರುತ್ತದೆ, ಅದನ್ನು ತಿರುಗಿಸಿ ಅಲುಗಾಟ ತೆಗೆಯಬಹುದು. ಬ್ಲಾಕು ಜಾರಲು ಬಿಗಿಯಾಗುವವರೆಗೆ ತಿರುಗಿಸಿ, ಎಂಟನೇ ಒಂದು ಸುತ್ತು ಹಿಂದಕ್ಕೆ ಬಿಟ್ಟರೆ ಸರಿಹೋಗುತ್ತದೆ.

ಬೇಕಾದ ಸಾಮಾನು ಇಷ್ಟು: 300 ಮಿ.ಮೀ. ರೇಲು ಎರಡು (ಆಳಕ್ಕೆ), 400 ಮಿ.ಮೀ. ರೇಲು ಎರಡು (ಉದ್ದಕ್ಕೆ), ಬೇರಿಂಗ್ ಬ್ಲಾಕು ಎಂಟು, 18 ಮತ್ತು 12 ಮಿ.ಮೀ. ಪ್ಲೈವುಡ್, ಮರ ಅದುಮಿ ಹಿಡಿಯುವ ಟಾಗಲ್ ಕ್ಲ್ಯಾಂಪ್ ಎರಡು, ಎಂ8 ಮತ್ತು ಎಂ6 (8 ಮತ್ತು 6 ಮಿ.ಮೀ. ವ್ಯಾಸದ) ಚೂಡಿ ಸರಳು, ಅಂದರೆ ಉದ್ದಕ್ಕೂ ತಿರುಪಿನ ಗೆರೆಯಿರುವ ಸರಳು, ಬ್ಲಾಕಿಗೆ ಎಂ5 ಬೋಲ್ಟು. ಪ್ಲೈವುಡ್ ಒಳಗೆ ಪೊಳ್ಳಿಲ್ಲದ್ದು, ಸೊಟ್ಟಗಾಗದ್ದು ಇರಲಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಮತಟ್ಟಾಗಿರುತ್ತದೆ ನಿಜ, ಆದರೆ ಅಂಚಿನಲ್ಲಿ ಸ್ಕ್ರೂ ಹಿಡಿಯುವುದಿಲ್ಲ, ತೇವಕ್ಕೆ ಉಬ್ಬುತ್ತದೆ.

ತಳಕ್ಕೆ 18 ಮಿ.ಮೀ. ಪ್ಲೈ ಎರಡು ಪದರ ಅಂಟಿಸಿ 36 ಮಿ.ಮೀ. ಮಾಡಿದ್ದು, ಅಗಲ 700, ಆಳ 500. ಅದರ ಮೇಲೆ ಆಳದ ರೇಲುಗಳು 250 ಮಿ.ಮೀ. ಅಂತರದಲ್ಲಿ. ಬ್ಲಾಕುಗಳ ಮೇಲೆ ನಡುಹಲಗೆ, 12 ಮಿ.ಮೀ. ಪ್ಲೈ ಎರಡು ಪದರದ್ದು, 420 × 300. ಅದರ ಮೇಲೆ ಉದ್ದದ ರೇಲುಗಳು 180 ಮಿ.ಮೀ. ಅಂತರದಲ್ಲಿ. ಎಲ್ಲಕ್ಕಿಂತ ಮೇಲೆ 36 ಮಿ.ಮೀ. ದಪ್ಪದ ಮೇಜು, 400 × 250. ರೇಲು ಮತ್ತು ಬ್ಲಾಕು ಸೇರಿ ಒಂದು ಅಂತಸ್ತಿಗೆ 45 ಮಿ.ಮೀ. ಎತ್ತರ. ಹಾಗಾಗಿ ಮೇಜಿನ ಮುಖ ತಳದಿಂದ 150 ಮಿ.ಮೀ. ಮೇಲಿರುತ್ತದೆ. ಉದ್ದದ ರೇಲಿನ ಮೇಲೆ ಬ್ಲಾಕುಗಳನ್ನು 150 ಮಿ.ಮೀ. ನಡುವಂತರದಲ್ಲಿ ಕೂರಿಸಿದರೆ 205 ಮಿ.ಮೀ. ಓಟ ಸಿಗುತ್ತದೆ, ಆಳದ ರೇಲಿನಲ್ಲಿ 130 ಇಟ್ಟರೆ 125 ಮಿ.ಮೀ. ಓಟ. ಓಟದ ಆಸೆಗೆ ಬ್ಲಾಕುಗಳನ್ನು ಹತ್ತಿರ ತರಬೇಡಿ. ಅಂತರ ಕಡಿಮೆಯಾದಷ್ಟೂ ಮೇಜು ತಿರುಚಿಕೊಳ್ಳುತ್ತದೆ.

ರೇಲು ಕೂರಿಸುವ ಕ್ರಮ ತಪ್ಪಿದರೆ ಮೇಜು ಒಂದು ಕಡೆ ಸಲೀಸಾಗಿ ಜಾರಿ ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ. ಮೊದಲ ರೇಲನ್ನು ಕಬ್ಬಿಣದ ನೇರಪಟ್ಟಿಗೆ ಒತ್ತಿ ಪೂರ್ತಿ ಬಿಗಿಯಿರಿ. ಎರಡನೆಯದನ್ನು ಅಳತೆಗೆ ಇಟ್ಟು ಸ್ಕ್ರೂ ಸಡಿಲ ಬಿಡಿ. ನಾಲ್ಕೂ ಬ್ಲಾಕುಗಳಿಗೆ ಹಲಗೆ ಬಿಗಿದು, ಹಲಗೆಯನ್ನು ಒಂದು ತುದಿಗೆ ಒಯ್ದು ಅಲ್ಲಿಯ ಸ್ಕ್ರೂ ಬಿಗಿಯಿರಿ, ಇನ್ನೊಂದು ತುದಿಗೆ ಒಯ್ದು ಅಲ್ಲಿಯದು, ಆಮೇಲೆ ನಡುವಿನವು. ಎರಡನೇ ರೇಲು ಎಲ್ಲಿ ಇರಬೇಕೆಂದು ಹಲಗೆಯೇ ತೋರಿಸಿಕೊಡುತ್ತದೆ. ಟೇಪಿನಿಂದ ಅಳೆದು ಎರಡನ್ನೂ ಒಟ್ಟಿಗೆ ಬಿಗಿದರೆ ಇದು ಆಗುವುದಿಲ್ಲ.

ರೌಟರ್ ಎತ್ತರ ಹೊಂದಿಸಲು ಹಲವು ದಾರಿ ಇವೆ. ನನಗೆ ಒಪ್ಪಿಗೆಯಾದದ್ದು ತಿರುಗುವ ಹಲಗೆ. ತಳದ ಹಿಂಬದಿಗೆ 36 ಮಿ.ಮೀ. ದಪ್ಪದ ನಿಲುವುಹಲಗೆ ನಿಲ್ಲಿಸಿ, ಹಿಂದಿನಿಂದ ಎರಡು ತ್ರಿಕೋನ ಆಸರೆ ಕೊಡಬೇಕು. ಅದರಲ್ಲಿ ರೌಟರ್ ಮೈ ಓಡಾಡುವಷ್ಟು ದೊಡ್ಡ ಕಿಟಕಿ. ಕಿಟಕಿಯ ಮುಂದೆ, ಮೇಜಿನ ಕಡೆಗೆ, 700 ಮಿ.ಮೀ. ಉದ್ದದ ರೌಟರ್ ಹಲಗೆ. ಎಡತುದಿಯಿಂದ 50 ಮಿ.ಮೀ. ಒಳಗೆ ಒಂದು 12 ಮಿ.ಮೀ. ಬೋಲ್ಟು, ಅದೇ ತಿರುಗುವ ಕೀಲು. ಅಲ್ಲಿಂದ 300 ಮಿ.ಮೀ. ದೂರದಲ್ಲಿ ಬಿಟ್‌ನ ಮಧ್ಯ, 600 ಮಿ.ಮೀ. ದೂರದಲ್ಲಿ ಕಮಾನಿನ ಸೀಳು ಮತ್ತು ಬಿಗಿಯುವ ಬೋಲ್ಟು. ಹಲಗೆ ತನ್ನದೇ ಸಮತಲದಲ್ಲಿ ತಿರುಗುವುದರಿಂದ ಎತ್ತರ ಎಷ್ಟೇ ಬದಲಾದರೂ ಬಿಟ್‌ನ ದಿಕ್ಕು ಬದಲಾಗುವುದಿಲ್ಲ. ಬಿಟ್ 25 ಮಿ.ಮೀ. ಮೇಲೆ ಹೋದಾಗ ಪಕ್ಕಕ್ಕೆ ಸುಮಾರು 1 ಮಿ.ಮೀ. ಸರಿಯುತ್ತದೆ, ಅಷ್ಟೇ. ಎತ್ತರ ಬದಲಿಸಿದ ಮೇಲೆ ಉದ್ದದ ತಡೆಗಳನ್ನು ಮತ್ತೆ ನೋಡಿಕೊಂಡರೆ ಸಾಕು. ಬಲತುದಿಯ ಕೆಳಗೆ ಎಂ6 ಬೋಲ್ಟು ಕೊಟ್ಟರೆ ಬಹಳ ಅನುಕೂಲ: ಅದರ ಚೂಡಿಯ ಗೆರೆಗಳ ಅಂತರ 1 ಮಿ.ಮೀ., ಒಂದು ಸುತ್ತಿಗೆ ತುದಿ 1 ಮಿ.ಮೀ. ಏರುತ್ತದೆ, ಬಿಟ್ ಸುಮಾರು ಅರ್ಧ ಮಿ.ಮೀ. ಕಾಲು ಸುತ್ತೆಂದರೆ ಸುಮಾರು 0.12 ಮಿ.ಮೀ. ಇಷ್ಟು ಸೂಕ್ಷ್ಮ ಹೊಂದಾಣಿಕೆ ಬೇರೆ ಯಾವ ಸರಳ ಜೋಡಣೆಯಲ್ಲೂ ನನಗೆ ಸಿಕ್ಕಿಲ್ಲ.

ರೌಟರ್ ಹಲಗೆ 18 ಮಿ.ಮೀ. ಇರಲಿ, ಆದರೆ ರೌಟರ್ ತಳ ಕೂರುವ ಜಾಗದಲ್ಲಿ ಹಿಂದಿನಿಂದ ಕೆತ್ತಿ 8 ಮಿ.ಮೀ. ಮಾತ್ರ ಉಳಿಸಿ. ಹಲಗೆ ದಪ್ಪವಾದಷ್ಟೂ ಬಿಟ್‌ನ ಉದ್ದ ಅಲ್ಲೇ ಮುಗಿದುಹೋಗುತ್ತದೆ. ಬಿಟ್‌ಗೆ 40 ಮಿ.ಮೀ. ತೂತು ಕೊಟ್ಟರೆ ಹೊಟ್ಟು ಹೊರಬರಲು ದಾರಿಯಾಗುತ್ತದೆ.

ಈಗ ಯಂತ್ರದ ಜೀವಾಳ, ಅಂದರೆ ಸಮಾನಾಂತರದ ಪರೀಕ್ಷೆ. ಕಾಲೆಟ್‌ನಲ್ಲಿ (ರೌಟರಿನಲ್ಲಿ ಬಿಟ್ ಹಿಡಿಯುವ ಬಾಯಿ) ನಯವಾದ 12 ಮಿ.ಮೀ. ಉಕ್ಕಿನ ಸರಳು ಬಿಗಿದು 80 ಮಿ.ಮೀ. ಹೊರಗೆ ಬಿಡಿ. ಸೂಕ್ಷ್ಮ ವ್ಯತ್ಯಾಸ ತೋರಿಸುವ ಡಯಲ್ ಗೇಜನ್ನು ಮೇಜಿನ ಮೇಲೆ ನಿಲ್ಲಿಸಿ ಮುಳ್ಳನ್ನು ಸರಳಿನ ಮೇಲ್ಬದಿಗೆ ತಾಗಿಸಿ, ಮೇಜನ್ನು ಆಳದ ದಿಕ್ಕಿನಲ್ಲಿ 60 ಮಿ.ಮೀ. ಸರಿಸಿ. 0.05 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಸರಳನ್ನು ಕೈಯಿಂದ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ ಸರಾಸರಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಸರಳಿನ ಓರೆಯನ್ನು ಯಂತ್ರದ ಓರೆ ಎಂದು ತಿಳಿಯುವ ಅಪಾಯವಿದೆ. ಆಮೇಲೆ ಸರಳಿನ ಪಕ್ಕಕ್ಕೂ ಇದೇ ಪರೀಕ್ಷೆ. ವ್ಯತ್ಯಾಸವಿದ್ದರೆ ರೌಟರ್ ತಳ ಮತ್ತು ಹಲಗೆಯ ನಡುವೆ ಕಾಗದದ ಚೂರು ಇಡಿ. ಸಾಧಾರಣ ಬರೆಯುವ ಕಾಗದ ಸುಮಾರು 0.1 ಮಿ.ಮೀ. ದಪ್ಪವಿರುತ್ತದೆ.

ಬಿಟ್ಟು ಓರೆಯಾಗಿದ್ದರೆ ಆಗುವುದೇನು? ತುದಿ ಒಂದು ದಾರಿಯಲ್ಲಿ ಒಳಹೋಗುತ್ತದೆ, ಹಿಂದಿನ ಭಾಗ ಬೇರೆ ಎತ್ತರದಲ್ಲಿ ಹಿಂಬಾಲಿಸಿ ಬಾಯಿಯನ್ನು ಅಗಲಿಸುತ್ತದೆ. 0.3 ಡಿಗ್ರಿ ಓರೆಗೆ 40 ಮಿ.ಮೀ. ಆಳದಲ್ಲಿ 0.2 ಮಿ.ಮೀ. ಬಾಯಿ ಹೆಚ್ಚು ತೆರೆಯುತ್ತದೆ. ತಳದಲ್ಲಿ ಬಿಗಿ, ಬಾಯಲ್ಲಿ ಸಡಿಲ ಇರುವ ಮಾರ್ಟಿಸ್ ಕಂಡರೆ ಕಾರಣ ಇದೇ.

ಎರಡನೇ ಪರೀಕ್ಷೆ ಮೇಜಿನ ಮುಖಕ್ಕೆ. ಗೇಜನ್ನು ರೌಟರ್ ಹಲಗೆಗೆ ಬಿಗಿದು ಮುಳ್ಳನ್ನು ಮೇಜಿಗೆ ತಾಗಿಸಿ ಎರಡೂ ದಿಕ್ಕಿಗೆ ಸರಿಸಿ. ಆಳದ ದಿಕ್ಕಿನಲ್ಲಿ ತಪ್ಪಿದ್ದರೆ ಟೆನನ್ ಓರೆಯಾಗಿ ಹೊಕ್ಕು ಚೌಕಟ್ಟು ಬಾಗುತ್ತದೆ. ಉದ್ದದ ದಿಕ್ಕಿನಲ್ಲಿ ತಪ್ಪಿದ್ದರೆ ಮಾರ್ಟಿಸ್‌ನ ಎರಡು ತುದಿ ಮರದ ಮುಖದಿಂದ ಬೇರೆ ಬೇರೆ ದೂರದಲ್ಲಿ ಬಿದ್ದು, ಕಾಲುಗಳನ್ನು ಕೂಡಿಸುವ ಅಡ್ಡಪಟ್ಟಿ ತಿರುಚಿಕೊಳ್ಳುತ್ತದೆ. ಬ್ಲಾಕು ಮತ್ತು ಮೇಜಿನ ನಡುವೆ ಕಾಗದ ಇಟ್ಟು ಸರಿಮಾಡಬೇಕು. ಇದಕ್ಕೆ ಹೋಲಿಸಿದರೆ ಉದ್ದದ ರೇಲು ಆಳದ ರೇಲಿಗೆ ಕೂದಲೆಳೆಯಷ್ಟೂ ತಪ್ಪದೆ ಲಂಬವಾಗಿರಬೇಕೆಂದಿಲ್ಲ. ಅಲ್ಲಿ ಕೊಂಚ ತಪ್ಪಿದರೆ ಮಾರ್ಟಿಸ್‌ನ ತಳ ಒಂದು ಕಡೆ ಸ್ವಲ್ಪ ಆಳವಾಗುತ್ತದೆ, ಸಂದಿಗೆ ಏನೂ ಆಗದು. ಅಡ್ಡಪಟ್ಟಿಯ ತುದಿಗೆ ಮಾರ್ಟಿಸ್ ತೋಡುವಾಗ ಮರ ಒರಗುವ ಪಟ್ಟಿ ಮಾತ್ರ ಆಳದ ರೇಲಿಗೆ ಸಮಾನಾಂತರವಾಗಿರಲೇಬೇಕು. ಮೂಲೆಮಟ್ಟವನ್ನು ನಂಬದೆ ಇದನ್ನೂ ಗೇಜಿನಿಂದಲೇ ನೋಡಿ.

ಉದ್ದದ ತಡೆಗೆ ನಡುಹಲಗೆಯ ಅಂಚಿನಲ್ಲಿ ಎಂ8 ಚೂಡಿ ಸರಳು, ಅದರ ಮೇಲೆ ಎರಡು ಜೊತೆ ನಟ್ಟು, ನಡುವೆ ಮೇಜಿನಿಂದ ಇಳಿದ ಗಟ್ಟಿಮರದ ತುಂಡು. ಓಟ ಎಷ್ಟೆಂದರೆ ಮಾರ್ಟಿಸ್ ಉದ್ದದಿಂದ ಬಿಟ್‌ನ ವ್ಯಾಸ ಕಳೆದಷ್ಟು: 50 ಮಿ.ಮೀ. ಮಾರ್ಟಿಸ್‌ಗೆ 8 ಮಿ.ಮೀ. ಬಿಟ್ಟಾದರೆ 42 ಮಿ.ಮೀ. ಆಳದ ತಡೆಗೆ ತಳದಲ್ಲಿ ನಿಂತ ಒಂದು ಬೋಲ್ಟು ಸಾಕು. ನಟ್ಟಿಗೆ ಎದುರುನಟ್ಟು ಬಿಗಿಯದಿದ್ದರೆ ರೌಟರ್ ಕಂಪನಕ್ಕೆ ಹತ್ತು ಮಾರ್ಟಿಸ್ ಆಗುವಷ್ಟರಲ್ಲಿ ತಡೆ ಸರಿದಿರುತ್ತದೆ.

ಬಿಟ್ ಗಟ್ಟಿ ಕಾರ್ಬೈಡ್‌ನ ಅಪ್‌ಕಟ್ ಸ್ಪೈರಲ್ (ಹೊಟ್ಟನ್ನು ಹೊರಗೆಳೆಯುವ ಸುರುಳಿ ಅಲಗಿನದು) ಇರಬೇಕು. ನೇರ ಅಲಗಿನ ಬಿಟ್ಟು ಹೊಟ್ಟನ್ನು ಹೊರಗೆಳೆಯುವುದಿಲ್ಲ, ಒಳಗೇ ತುಂಬಿಕೊಂಡು ಮರ ಸುಡುತ್ತದೆ. ಅಪ್‌ಕಟ್‌ನ ಒಂದು ಗುಣ ನೆನಪಿರಲಿ: ಅದು ತನ್ನನ್ನೇ ಕಾಲೆಟ್‌ನಿಂದ ಹೊರಗೆಳೆದುಕೊಳ್ಳಲು ನೋಡುತ್ತದೆ. ಮಾರ್ಟಿಸ್‌ಗಳು ಬರಬರುತ್ತ ಆಳವಾಗುತ್ತಿದ್ದರೆ ಬಿಟ್ಟು ಜಾರುತ್ತಿದೆ ಎಂದೇ ಅರ್ಥ, ತಕ್ಷಣ ನಿಲ್ಲಿಸಿ. ಕಾಲೆಟ್‌ನಲ್ಲಿ ಅಂಟಿದ ರಾಳ ತೆಗೆಯಿರಿ. ಬಿಟ್ಟನ್ನು ತಳಕ್ಕೆ ತಾಗಿಸಿ 2-3 ಮಿ.ಮೀ. ಹಿಂದೆಳೆದು ಬಿಗಿಯಿರಿ, ಕನಿಷ್ಠ 20 ಮಿ.ಮೀ. ಕಾಲೆಟ್ ಒಳಗಿರಲಿ.

ತೋಡುವಾಗ ಎಲ್ಲರಿಗೂ ಬರುವ ಆಸೆ ಒಂದೇ ಸಲಕ್ಕೆ ಆಳಕ್ಕಿಳಿಸಿ ಎಡಬಲಕ್ಕೆ ಎಳೆಯುವುದು. ಹಾಗೆ ಮಾಡಿದರೆ ಬಿಟ್ಟು ಬಾಗುತ್ತದೆ. ಒಂದು ದಿಕ್ಕಿಗೆ ತಳ್ಳಿದಾಗ ಮೇಲಕ್ಕೆ, ಇನ್ನೊಂದು ದಿಕ್ಕಿಗೆ ತಳ್ಳಿದಾಗ ಕೆಳಕ್ಕೆ. ಮಾರ್ಟಿಸ್ ಅಗಲವಾಗುತ್ತದೆ, ಗೋಡೆ ಅಲೆಯಲೆಯಾಗುತ್ತದೆ. ಬದಲಿಗೆ ಮೊದಲು ಎರಡು ತುದಿಗಳಲ್ಲಿ ಚುಚ್ಚಿ ಚುಚ್ಚಿ ಪೂರ್ತಿ ಆಳಕ್ಕೆ ಇಳಿಸಿ, ಪ್ರತಿ 8-10 ಮಿ.ಮೀ.ಗೆ ಹೊರಗೆಳೆದು ಹೊಟ್ಟು ಬಿಡಿಸಿ. ಆಮೇಲೆ ನಡುವೆ ಒಂದರ ಪಕ್ಕ ಒಂದು ತೂತು. ಉಳಿದ ಮರವನ್ನು ಹಂತ ಹಂತವಾಗಿ ಎಡಬಲ ಎಳೆದು ತೆಗೆದು, ಕೊನೆಗೆ ಪೂರ್ತಿ ಆಳದಲ್ಲಿ ನಿಧಾನವಾಗಿ ಒಮ್ಮೆ ಹೋಗಿ ಒಮ್ಮೆ ಬನ್ನಿ. 8 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ 18,000 ಸುತ್ತು, 12 ಮಿ.ಮೀ.ಗೆ 16,000 ನನಗೆ ಸರಿಹೊಂದಿದೆ. ಒಂದೇ ಕಡೆ ನಿಂತರೆ ಮರ ಸುಡುತ್ತದೆ, ಹೊಸ ಬಿಟ್ಟಾದರೂ.

ಎತ್ತರ ಹೊಂದಿಸಲು ಡ್ರಿಲ್ ಬಿಟ್‌ನ ಬುಡವೇ ಒಳ್ಳೆಯ ಅಳತೆಗೋಲು. 20 ಮಿ.ಮೀ. ಮರದ ನಡುವೆ 8 ಮಿ.ಮೀ. ಮಾರ್ಟಿಸ್ ಬೇಕಾದರೆ ಮೇಜು ಮತ್ತು ಬಿಟ್‌ನ ಕೆಳಅಲಗಿನ ನಡುವೆ 6 ಮಿ.ಮೀ. ಇರಬೇಕು. ತುಂಡುಮರದಲ್ಲಿ ಒಮ್ಮೆ ತೋಡಿ, ಮರ ಮಗುಚಿ ಮತ್ತೆ ತೋಡಿ. ಮಾರ್ಟಿಸ್ 8.4 ಮಿ.ಮೀ. ಆದರೆ ತಪ್ಪು ಅದರರ್ಧ, 0.2 ಮಿ.ಮೀ. ನಡುವಿಗೇ ಬರಬೇಕೆಂಬ ಹಟ ಬೇಡ ಎನ್ನುವುದು ನನ್ನ ಅಭಿಪ್ರಾಯ. ಪ್ರತಿ ತುಂಡಿನ ಹೊರಮುಖಕ್ಕೆ ಪೆನ್ಸಿಲ್ ಗುರುತು ಹಾಕಿ, ಆ ಮುಖವನ್ನೇ ಯಾವಾಗಲೂ ಮೇಜಿಗೆ ಕೆಳಗಾಗಿ ಇಟ್ಟರೆ ತಪ್ಪು ಎರಡೂ ತುಂಡಿಗೆ ಒಂದೇ ಆಗಿ ಹೊರಮುಖ ಸಮನಾಗಿ ಕೂಡುತ್ತದೆ. ಒಂದು ತುಂಡು ಮಗುಚಿ ಬಿದ್ದರೆ ತಪ್ಪು ಇಮ್ಮಡಿ. ಮೇಜಿನ ಮೇಲೆ ಉಳಿದ ಒಂದು ಹೊಟ್ಟಿನ ಚೂರೂ ಇದೇ ತಪ್ಪು ಮಾಡಿಸುತ್ತದೆ, ಹಾಗಾಗಿ ಪ್ರತಿ ಸಲ ಬ್ರಶ್ಶು ಆಡಿಸಿ.

ಹೊಟ್ಟು ರೌಟರ್ ಕಡೆಗೇ ಹಾರುವುದರಿಂದ ಹೀರುಕೊಳವೆಯನ್ನು ಬಿಟ್‌ನ ತೂತಿನ ಹಿಂದೆ, ಕೆಳಗೆ ಇಡಬೇಕು. ಇಲ್ಲದಿದ್ದರೆ ಮೋಟರ್ ಒಳಗೆ ಹೋಗುತ್ತದೆ. ರೇಲಿಗೆ ಹೆಚ್ಚು ಗ್ರೀಸು ಬೇಡ, ಹೊಟ್ಟು ಅಂಟಿ ಮುದ್ದೆಯಾಗುತ್ತದೆ, ತೆಳುವಾಗಿ ಎಣ್ಣೆ ಒರೆಸಿದರೆ ಸಾಕು. ಮೇಜು ಹಿಂದಕ್ಕೆ ಬಂದಾಗ ತಿರುಗುವ ಬಿಟ್ಟು ತೆರೆದೇ ಇರುತ್ತದೆ. ಎರಡೂ ಕೈ ಹಿಡಿಕೆಯ ಮೇಲಿರುವಂತೆ ಮೇಜಿಗೆ ಎರಡು ಹಿಡಿಕೆ ಕೊಡಿ, ಮೇಜನ್ನು ತಾನೇ ಹಿಂದೆಳೆಯುವ ಸ್ಪ್ರಿಂಗು ಹಾಕಿ, ಕಾಲು ತೆಗೆದರೆ ಆರುವ ಪೆಡಲ್ ಸ್ವಿಚ್ಚು ಇಡಿ. ಬಿಟ್ಟು ಬದಲಿಸುವಾಗ ಪ್ಲಗ್ಗು ಕಿತ್ತಿರಲಿ.

ಟೆನನ್ ಪಟ್ಟಿಯನ್ನು ಉದ್ದವಾಗಿ ಸೀಳಿ ದಪ್ಪವನ್ನು ಮಾರ್ಟಿಸ್‌ಗಿಂತ 0.1 ಮಿ.ಮೀ. ಕಡಿಮೆ ಮಾಡಿಕೊಳ್ಳಿ. 8 ಮಿ.ಮೀ. ಪಟ್ಟಿಯ ಅಂಚುಗಳನ್ನು 4 ಮಿ.ಮೀ. ತ್ರಿಜ್ಯದ ದುಂಡುಬಿಟ್‌ನಿಂದ ಉರುಟಾಗಿಸಿ. ಅಗಲ ಮಾರ್ಟಿಸ್‌ಗಿಂತ 1 ಮಿ.ಮೀ. ಕಡಿಮೆಯಿದ್ದರೆ ಜೋಡಿಸುವಾಗ ಉದ್ದದಲ್ಲಿ ಕೊಂಚ ಸರಿಸಲು ಅವಕಾಶ. ಉದ್ದ ಎರಡು ಆಳಗಳ ಮೊತ್ತಕ್ಕಿಂತ 2 ಮಿ.ಮೀ. ಕಡಿಮೆ, ಅಂಟು ನಿಲ್ಲಲು. ಅಪ್‌ಕಟ್ ಬಾಯಂಚಿನಲ್ಲಿ ಎಬ್ಬಿಸಿದ ಎಳೆಗಳನ್ನು ಉಳಿಯಿಂದ ಸವರಿ ತೆಗೆಯಿರಿ, ಅವಿದ್ದರೆ ಸಂದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಒಣ ಟೆನನ್ ಬೆರಳಿನ ಒತ್ತಡಕ್ಕೆ ಒಳಹೋಗಬೇಕು, ಮರ ಮಗುಚಿದರೆ ತಾನಾಗಿ ಬೀಳಬಾರದು. ಕೊಡತಿಯಿಂದ ಬಡಿಯಬೇಕಾದಷ್ಟು ಬಿಗಿಯಿದ್ದರೆ ಬಿಳಿ ಅಂಟಿನ ನೀರಿಗೆ ಟೆನನ್ ಉಬ್ಬಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ, ಅಂಥ ಪಟ್ಟಿಯನ್ನು ಅಂಟು ಹಚ್ಚುವ ಮೊದಲೇ ಮರ ಹೆರೆಯುವ ಹತ್ತರಿಯಿಂದ ಒಂದು ಎಳೆ ತೆಗೆದುಬಿಡಿ.